ಮೀಟರ್ ಬಿಡಿ, ಕಾರಿನ ಅಡಿ ನೋಡಿ

ಸಂಪಾದಕರಿಗೆ,

ಕಾಫಿ ಕೊಯ್ಲು ಮುಗಿದು ಕೈಗೆ ನಾಲ್ಕು ಕಾಸು ಬರುವ ಹೊತ್ತಿಗೆ ನಮ್ಮ ಜಿಲ್ಲೆಯಲ್ಲಿ ಸೆಕೆಂಡ್ ಹ್ಯಾಂಡ್ ಕಾರುಗಳ ವ್ಯಾಪಾರ ಚುರುಕಾಗುತ್ತದೆ. ಕೊಳ್ಳುವವರಲ್ಲಿ ಬಹಳ ಮಂದಿ ಕುಶಾಲನಗರದಿಂದಲೋ ವಿರಾಜಪೇಟೆಯಿಂದಲೋ ಮಡಿಕೇರಿಗೆ, ಇಲ್ಲವೆ ಹುಣಸೂರು ದಾಟಿ ಮೈಸೂರಿಗೆ ದಿನಾ ಕೆಲಸಕ್ಕೆ ಹೋಗಿಬರುವವರು. ಅವರು ಕೇಳುವುದು ಎರಡೇ ಪ್ರಶ್ನೆ: ಎಷ್ಟು ಓಡಿದೆ, ಎಷ್ಟು ಮೈಲೇಜ್ ಕೊಡುತ್ತೆ? ಎರಡಕ್ಕೂ ಬ್ರೋಕರ್ ಬಾಯಲ್ಲಿ ಉತ್ತರ ಸಿದ್ಧ. ಘಾಟಿ ಮತ್ತು ಮಳೆ ಕಾರಿಗೆ ಏನು ಮಾಡಿವೆ ಎಂಬುದನ್ನು ಮಾತ್ರ ಯಾರೂ ಕೇಳುವುದಿಲ್ಲ. ಕೊಡಗಿನಲ್ಲಿ ಕಾರು ಸೋಲುವುದು ಅಲ್ಲೇ.

ಮೊದಲು ಪೆಟ್ರೋಲೋ ಡೀಸೆಲೋ ಎಂಬ ಹಳೇ ಜಗಳ. ಕುಶಾಲನಗರದಿಂದ ಮಡಿಕೇರಿಗೆ ಹೋಗಿಬರಲು ಸುಮಾರು 60 ಕಿ.ಮೀ. ತಿಂಗಳಿಗೆ 25 ದಿನ ಹಿಡಿದರೆ ವರ್ಷಕ್ಕೆ 18,000 ಕಿ.ಮೀ. ಪೆಟ್ರೋಲ್ ಕಾರು ಏರಿಳಿವಿನಲ್ಲಿ ಲೀಟರಿಗೆ 15 ಕೊಟ್ಟರೆ 1,200 ಲೀಟರ್, ಡೀಸೆಲ್ 20 ಕೊಟ್ಟರೆ 900 ಲೀಟರ್ ಬೇಕು. ಲೆಕ್ಕಕ್ಕೆ ಸುಲಭವಾಗಲೆಂದು ಪೆಟ್ರೋಲಿಗೆ 100, ಡೀಸೆಲಿಗೆ 90 ರೂಪಾಯಿ ಇಟ್ಟುಕೊಂಡರೆ ವರ್ಷಕ್ಕೆ 39,000 ರೂಪಾಯಿ ಉಳಿತಾಯ. ಆಸೆ ಹುಟ್ಟಿಸುವ ಮೊತ್ತವೇ. ಆದರೆ ಹಳೇ ಡೀಸೆಲ್ ಕಾರಿನ ಇಂಜೆಕ್ಟರ್, ಟರ್ಬೊ, ಫ್ಲೈವೀಲ್ ಸಮೇತ ಕ್ಲಚ್ ಇವುಗಳಲ್ಲಿ ಎರಡು ಒಟ್ಟಿಗೆ ಕೈಕೊಟ್ಟರೆ ಎರಡು ವರ್ಷದ ಉಳಿತಾಯ ಒಂದೇ ಬಿಲ್ಲಿನಲ್ಲಿ ಹೋಗುತ್ತದೆ. ದಿನಕ್ಕೆ 50 ಕಿ.ಮೀ. ಒಳಗಿದ್ದರೆ ಪೆಟ್ರೋಲೇ ಸಾಕು; 80 ದಾಟಿದರೆ ಡೀಸೆಲ್ ಯೋಚಿಸಬಹುದು. ನಡುವೆ ಇರುವವರು ಇಂಧನ ಯಾವುದು ಎನ್ನುವುದಕ್ಕಿಂತ ಸರ್ವಿಸ್ ದಾಖಲೆ ಯಾವ ಕಾರಿಗೆ ಪೂರ್ತಿ ಇದೆ ಎಂದು ನೋಡಿ ತೆಗೆದುಕೊಳ್ಳಲಿ.

2020ರ ಏಪ್ರಿಲ್ ನಂತರದ ಬಿಎಸ್ 6 (ಹೊಗೆ ಮಿತಿಯ ನಿಯಮ) ಡೀಸೆಲ್ ಕಾರಿನ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಡಿಪಿಎಫ್ ಎಂಬ ಜಾಲರಿ ಇರುತ್ತದೆ. ಅದು ತುಂಬಿದಾಗ ಎಂಜಿನ್ ತಾನೇ ಹೆಚ್ಚು ಡೀಸೆಲ್ ಚಿಮ್ಮಿಸಿ ಮಸಿಯನ್ನು ಸುಟ್ಟುಹಾಕುತ್ತದೆ. ಅದಕ್ಕೆ ಕಾರು ಹದಿನೈದು ಇಪ್ಪತ್ತು ನಿಮಿಷ ಒಂದೇ ಹದದಲ್ಲಿ ಓಡುತ್ತಿರಬೇಕು. ದೂರ ಓಡಿಸುವವರಿಗೆ ಇದು ತೊಂದರೆಯೇ ಅಲ್ಲ. ತೊಂದರೆ ಬರುವುದು ಹಿಂದಿನ ಮಾಲೀಕ ಓಡಿಸಿದ ರೀತಿಯಿಂದ. ಬೆಂಗಳೂರಿನ ಟ್ರಾಫಿಕ್‌ನಲ್ಲಿ ದಿನಾ ಐದಾರು ಕಿ.ಮೀ. ಓಡಿ ನಿಂತ ಕಾರಿನಲ್ಲಿ ಆ ಕೆಲಸ ಅರ್ಧಕ್ಕೇ ನಿಲ್ಲುತ್ತದೆ, ಸುಡದ ಡೀಸೆಲ್ ಎಂಜಿನ್ ಆಯಿಲಿಗೆ ಇಳಿಯುತ್ತದೆ. ಆಯಿಲ್ ಮಟ್ಟ ಅಳೆಯುವ ಡಿಪ್‌ಸ್ಟಿಕ್ ಎಳೆದು ನೋಡಿ. ಆಯಿಲ್ ಮೇಲಿನ ಗೆರೆಯನ್ನೂ ದಾಟಿ ನಿಂತು ಡೀಸೆಲ್ ವಾಸನೆ ಹೊಡೆದರೆ ಆ ಕಾರು ಬೇಡ.

ಮಾದರಿಗಳ ಬಗ್ಗೆ ಒಂದಿಷ್ಟು. ಮಾರುತಿಯ 1.2 ಲೀಟರ್ ಪೆಟ್ರೋಲ್ ಎಂಜಿನ್ನಿಗೂ ಹಳೇ 1.3 ಡೀಸೆಲ್ಲಿಗೂ ವಾಲ್ವುಗಳನ್ನು ಹೊತ್ತಿಗೆ ಸರಿಯಾಗಿ ತೆರೆದು ಮುಚ್ಚಿಸುವ ಟೈಮಿಂಗ್ ಚೈನ್ ಇದೆ. ಸಾಮಾನು ಸಣ್ಣ ಪೇಟೆಯಲ್ಲೂ ಸಿಗುತ್ತದೆ. ಆ ಡೀಸೆಲ್ 2020ರಲ್ಲೇ ನಿಂತುಹೋದ್ದರಿಂದ ಈಗ ಸಿಗುವುದೆಲ್ಲ ಅದಕ್ಕೂ ಹಿಂದಿನದು. ರೆನೋ ಡಸ್ಟರ್‌ನ 1.5 ಡೀಸೆಲ್ಲಿಗೆ ಚೈನ್ ಅಲ್ಲ, ಬೆಲ್ಟ್. ಅದು ತುಂಡಾದರೆ ವಾಲ್ವುಗಳು ಪಿಸ್ಟನ್ನಿಗೆ ಬಡಿದು ಎಂಜಿನ್ ಬಿಚ್ಚಬೇಕಾಗುತ್ತದೆ. ಬೆಲ್ಟ್ ಬದಲಿಸಿದ ಬಿಲ್ ತೋರಿಸದಿದ್ದರೆ ಬದಲಿಸಿಲ್ಲ ಎಂದೇ ತಿಳಿದು ಆ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ. ಫೋರ್ಡ್ 2021ರಲ್ಲಿ ಇಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ ಹೇಳಿತು. ಕಾರು ಗಟ್ಟಿಯೇ, ಆದರೆ ದಿನಾ ಕೆಲಸಕ್ಕೆ ಹೋಗುವವರು ಒಂದು ಸಾಮಾನಿಗಾಗಿ ವಾರಗಟ್ಟಲೆ ಕಾಯಲಾಗದು. ಜೀಪಿನ ಮೋಹ ನಮ್ಮಲ್ಲಿ ಯಾರಿಗಿಲ್ಲ? ತೋಟಕ್ಕೆ ಅದೇ ಸರಿ, ದಿನಾ ಎಂಬತ್ತು ಕಿ.ಮೀ. ಮಾತ್ರ ಸೊಂಟಕ್ಕೂ ಜೇಬಿಗೂ ಆಗದು.

ಇನ್ನು ಕಾರು ನೋಡುವ ಕೆಲಸ. ಬೆಳಿಗ್ಗೆ ಹೋಗಿ, ಎಂಜಿನ್ ತಣ್ಣಗಿರಬೇಕು. ಬಾನೆಟ್ ಮುಟ್ಟಿ ನೋಡಿ. ಬಿಸಿಯಿದ್ದರೆ ನೀವು ಬರುವ ಮೊದಲೇ ಸ್ಟಾರ್ಟ್ ಮಾಡಿ ಇಟ್ಟಿದ್ದಾರೆ ಎಂದರ್ಥ. ಕೀ ತಿರುಗಿಸಿದಾಗ ಎಂಜಿನ್ ದೀಪ ಹೊತ್ತಬೇಕು, ಸ್ಟಾರ್ಟ್ ಆದ ಮೇಲೆ ಆರಬೇಕು. ಹೊತ್ತುವುದೇ ಇಲ್ಲ ಎಂದರೆ ಯಾರೋ ಅದರ ಬಾಯಿ ಮುಚ್ಚಿಸಿದ್ದಾರೆ. ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ. ಎಂಜಿನ್ ಕಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಎಂಜಿನ್ನಿನ ಮೇಲ್ಭಾಗದ ಸೀಲ್ ಆದ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ ಪಡಿ.

ಕ್ಲಚ್ಚಿಗೆ ಘಾಟಿಯೇ ಶತ್ರು. ಸುಂಟಿಕೊಪ್ಪ ದಾಟಿ ಬೋಯಿಕೇರಿ ಕಡೆಯ ಏರಿನಲ್ಲಿ ಲಾರಿಯ ಹಿಂದೆ ಅರ್ಧ ಕ್ಲಚ್ ಒತ್ತಿಕೊಂಡೇ ಹೋಗುವ ಅಭ್ಯಾಸ ಎಷ್ಟೋ ಜನರಿಗಿದೆ. ಅದೇ ಏರಿನಲ್ಲಿ ನಾಲ್ಕನೇ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿ ನೋಡಿ. ಎಂಜಿನ್ ಸದ್ದು ಏರಿ ವೇಗ ಏರದಿದ್ದರೆ ಕ್ಲಚ್ ಪ್ಲೇಟ್ ಮುಗಿದಿದೆ. ಗೇರ್ ಬಾಕ್ಸ್ ಇಳಿಸಿದ ಮೇಲೆ ಪ್ಲೇಟ್ ಒಂದನ್ನೇ ಹಾಕಿಸುವುದು ದಂಡ, ಪ್ರೆಷರ್ ಪ್ಲೇಟ್, ರಿಲೀಸ್ ಬೇರಿಂಗ್ ಸೇರಿ ಮೂರನ್ನೂ ಹಾಕಿಸಬೇಕು. ಕ್ಲಚ್ ಪೆಡಲ್ ಇಲ್ಲದೆ ತಾನೇ ಗೇರ್ ಬದಲಿಸುವ ಎಎಂಟಿ ಕಾರಿನಲ್ಲೂ ಒಳಗಿರುವುದು ಇದೇ ಕ್ಲಚ್ಚು. ಏರಿನಲ್ಲಿ ಹ್ಯಾಂಡ್ ಬ್ರೇಕ್ ಹಾಕದೆ ಆಕ್ಸಿಲರೇಟರಿನಲ್ಲೇ ನಿಲ್ಲಿಸಿಕೊಂಡಿದ್ದರೆ ಇನ್ನೂ ಬೇಗ ಸುಟ್ಟಿರುತ್ತದೆ.

ಬ್ರೇಕನ್ನು ಮಡಿಕೇರಿಯಿಂದ ಸಂಪಾಜೆಗೆ ಇಳಿಯುವಾಗಲೇ ಪರೀಕ್ಷಿಸಿ. ಸಾವಿರ ಮೀಟರಿನ ಆಸುಪಾಸು ಇಳಿತ ಅದು. ಬ್ರೇಕ್ ಒತ್ತಿದಾಗ ಸ್ಟೇರಿಂಗ್ ನಡುಗಿದರೆ ಡಿಸ್ಕ್ ಸೊಟ್ಟಗಾಗಿದೆ. ಕೆಳಗೆ ತಲುಪಿದ ಮೇಲೆ ಪೆಡಲ್ ಸ್ಪಂಜಿನಂತೆ ಮೆತ್ತಗಾಗಿದ್ದರೆ ಬ್ರೇಕ್ ಆಯಿಲ್ ಹಳತು. ಅದು ಗಾಳಿಯಲ್ಲಿರುವ ತೇವ ಹೀರಿಕೊಳ್ಳುತ್ತದೆ, ನಮ್ಮ ಗಾಳಿಯಲ್ಲಿ ತೇವಕ್ಕೆ ಬರವೇ? ನೀರು ಸೇರಿದ ಆಯಿಲ್ ಇಳಿಜಾರಿನ ಶಾಖಕ್ಕೆ ಬೇಗ ಕುದಿಯುತ್ತದೆ. ಪೈಪಿನೊಳಗೆ ಆವಿ ತುಂಬಿ ಪೆಡಲ್ ಕಾಲಡಿಗೆ ಕುಸಿಯುತ್ತದೆ. ತಿಳಿ ಹಳದಿ ಇರಬೇಕಾದದ್ದು ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದ್ದರೆ ಮರುದಿನವೇ ಬದಲಿಸಿ, ಆಮೇಲೆ ಎರಡು ವರ್ಷಕ್ಕೊಮ್ಮೆ. ಸಂಪಾಜೆಯಲ್ಲಿ ನಿಲ್ಲಿಸಿ ಸ್ಟೇರಿಂಗ್ ಪೂರ್ತಿ ತಿರುಗಿಸಿ ನಿಧಾನ ಸುತ್ತು ಹೊಡೆಯಿರಿ. ಕಟ ಕಟ ಎಂದರೆ ಆಕ್ಸಲ್ಲಿನ ಹೊರ ಜಾಯಿಂಟ್ ಸವೆದಿದೆ. ಹರಿದ ರಬ್ಬರ್ ಬೂಟನ್ನು ಹೊತ್ತಿಗೆ ಸರಿಯಾಗಿ ಬದಲಿಸದೆ, ಗ್ರೀಸ್ ಸೋರಿ ಕೆಸರು ಒಳಗೆ ಹೋದ ಫಲ ಅದು.

ಅಡಿ ನೋಡದೆ ಮುಂಗಡ ಕೊಡಲೇಬೇಡಿ. ವಾಟರ್ ಸರ್ವಿಸ್ ರ‍್ಯಾಂಪಿಗೆ ಹತ್ತಿಸಿ, ಟಾರ್ಚ್ ಹಿಡಿದು ಬಾಗಿಲ ಕೆಳಗಿನ ಅಂಚು, ಜಾಕ್ ಕೊಡುವ ಜಾಗ, ಹಿಂದಿನ ಆಕ್ಸಲ್, ಬ್ರೇಕ್ ಪೈಪು ನೋಡಿ. ಹೊಸದಾಗಿ ಕಪ್ಪು ಕೋಟಿಂಗ್ ಬಳಿದಿದ್ದರೆ ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟುತ್ತಾ ಹೋಗಿ. ಗಟ್ಟಿ ತಗಡು ಟಣ್ ಎನ್ನುತ್ತದೆ, ತುಕ್ಕು ತಿಂದದ್ದು ದಬ್ ಎಂದು ಸತ್ತ ಸದ್ದು ಕೊಡುತ್ತದೆ. ಮರದಡಿ ನಿಂತ ಕಾರಿನಲ್ಲಿ ಮುಂದಿನ ಗಾಜಿನ ಬುಡದ ನೀರಿನ ದಾರಿಗೆ ಎಲೆ ಕೊಳೆತು ಕಟ್ಟಿಕೊಳ್ಳುತ್ತದೆ, ಕಕ್ಕಡದ (ಜುಲೈ-ಆಗಸ್ಟ್) ಮಳೆಯ ನೀರು ಒಳಗೆ ಇಳಿಯುತ್ತದೆ. ಎಡಗಡೆ ಮ್ಯಾಟ್ ಎತ್ತಿ ಕಾರ್ಪೆಟ್ ಮೇಲೆ ಅಂಗೈ ಒತ್ತಿ ನೋಡಿ. ಬಾನೆಟ್ ಒಳಗೆ ವೈರಿಗೆ ಕಂಡಕಂಡಲ್ಲಿ ಟೇಪ್ ಸುತ್ತಿದ್ದರೆ ಇಲಿಯ ಕೆಲಸ.

2018 ಮತ್ತು 2019ರಲ್ಲಿ ಕಾವೇರಿ ಉಕ್ಕಿ ಕುಶಾಲನಗರದ ಬಡಾವಣೆಗಳಿಗೆ ನೀರು ನುಗ್ಗಿತ್ತು. ನೀರಲ್ಲಿ ನಿಂತ ಕಾರನ್ನು ತೊಳೆದು ಪಾಲಿಶ್ ಮಾಡಿದರೆ ಮೇಲೆ ಏನೂ ಕಾಣದು. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆಯಿರಿ, ಕೆಸರಿನ ಗೆರೆ ಅಲ್ಲಿ ಉಳಿದಿರುತ್ತದೆ. ಸ್ಟೆಪ್ನಿ ಎತ್ತಿ ಗುಂಡಿಯ ಮೂಲೆಯಲ್ಲಿ ಒಣಗಿದ ಹೂಳು ಇದೆಯೇ, ಸೀಟಿನ ಬೋಲ್ಟ್ ತುಕ್ಕು ಹಿಡಿದಿವೆಯೇ ನೋಡಿ.

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ. 2319 ಎಂದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಗೀರು ಚೆನ್ನಾಗಿದ್ದರೂ ಆರೇಳು ವರ್ಷ ದಾಟಿದ ರಬ್ಬರ್ ಒದ್ದೆ ತಿರುವಿನಲ್ಲಿ ಜಾರುತ್ತದೆ. 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆ ಜೋರು ಬ್ರೇಕಿಗೆ ಚಕ್ರ ಕಚ್ಚಿ ಜಾರದಂತೆ ತಡೆಯುವ ಎಬಿಎಸ್, ಜುಲೈಯಿಂದ ಚಾಲಕನ ಏರ್‌ಬ್ಯಾಗ್ ಕಡ್ಡಾಯವಾಯಿತು. ಅದಕ್ಕೂ ಹಿಂದಿನ ಕಾರಾದರೆ ಇವೆರಡೂ ಇರುವ ಮಾದರಿಯನ್ನೇ ಹುಡುಕಿ. ಅಲಾಯ್ ವೀಲ್, ದೊಡ್ಡ ಸ್ಕ್ರೀನ್ ಇಲ್ಲದಿದ್ದರೂ ನಡೆಯುತ್ತದೆ.

ಕೊನೆಗೆ ಮೀಟರ್. ಎಂಟು ವರ್ಷದ ಕಾರು 38,000 ತೋರಿಸಿ, ಬ್ರೇಕ್ ಪೆಡಲಿನ ರಬ್ಬರ್ ನುಣುಪಾಗಿದ್ದರೆ ಎರಡರಲ್ಲಿ ಒಂದು ಸುಳ್ಳು ಹೇಳುತ್ತಿದೆ. ಕಂಪನಿ ವರ್ಕ್‌ಶಾಪಿನ ಸರ್ವಿಸ್ ಪಟ್ಟಿಯಲ್ಲಿ ದಿನಾಂಕದ ಜೊತೆ ಕಿ.ಮೀ. ಇರುತ್ತದೆ, ಮಾಲೀಕನಿಂದಲೇ ಕೇಳಿ ಪಡೆಯಿರಿ. ದಾಖಲೆ ಸರಿಯಿದ್ದು ಒಂದು ಲಕ್ಷ ಓಡಿದ ಕಾರು, ಶೆಡ್ಡಿನಲ್ಲಿ ನಿಂತೇ ಮುದಿಯಾದ ಕಾರಿಗಿಂತ ವಾಸಿ.

ಕಾಗದಪತ್ರದಲ್ಲಿ ಸಾಲದ ನಮೂದು ತೆಗೆಸಿದೆಯೇ, ಬಾಕಿ ದಂಡ ಇದೆಯೇ ಎಂಬುದನ್ನು ಹಣ ಕೊಡುವ ಮೊದಲೇ ಕೇಂದ್ರ ಸಾರಿಗೆ ಇಲಾಖೆಯ ಪರಿವಾಹನ್ ಜಾಲತಾಣದಲ್ಲಿ ನೋಡಿ. ಮಾಲೀಕತ್ವ ವರ್ಗಾವಣೆಯ ಫಾರಂ 29, 30ಕ್ಕೆ ಮಾರುವವರ ಸಹಿ ಬೇಕು. ಮಾಕುಟ್ಟ, ಕುಟ್ಟ ದಾಟಿ ಬಂದ ಕೇರಳ ನೋಂದಣಿಯ ಕಾರು ಅಗ್ಗ ಕಂಡರೂ ಅಲ್ಲಿನ ಆರ್‌ಟಿಒದ ನಿರಾಕ್ಷೇಪಣಾ ಪತ್ರ ಅಂದರೆ ಎನ್‌ಒಸಿ ಮತ್ತು ನಮ್ಮ ರಾಜ್ಯದ ಜೀವಿತಾವಧಿ ತೆರಿಗೆ ಕೂಡಿಸಿ ಲೆಕ್ಕ ಹಾಕಿ. ವಿಮೆಯನ್ನು 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ಹಳೇ ಮಾಲೀಕರು ಪರಿಹಾರ ಕೇಳದ್ದಕ್ಕೆ ಸಿಕ್ಕ ನೋ ಕ್ಲೇಮ್ ರಿಯಾಯಿತಿ ನಿಮಗೆ ಬರುವುದಿಲ್ಲ, ಆ ವ್ಯತ್ಯಾಸದ ಹಣವನ್ನು ಕಂಪನಿ ನಿಮ್ಮಿಂದಲೇ ಕೇಳುತ್ತದೆ.

- ಗ್ಯಾರೇಜ್ ಕೆಲಸದವ, ಸುಂಟಿಕೊಪ್ಪ