ಲಿನಕ್ಸ್ ಲ್ಯಾಪ್‌ಟಾಪ್‌ನಲ್ಲಿ ಸೌಂಡ್ ಇಲ್ಲ: ಬಯೋಸ್ ಸರಿಪಡಿಸಿ, ಇಲ್ಲವೇ ಹಣ ವಾಪಸ್ ಕೊಡಿ

ಇವರಿಗೆ,
ಗ್ರಾಹಕ ಕುಂದುಕೊರತೆ ಅಧಿಕಾರಿಗಳು,
ಲ್ಯಾಪ್‌ಟಾಪ್ ಮಾರಾಟ ಮತ್ತು ಸರ್ವಿಸ್ ವಿಭಾಗ

ವಿಷಯ: ಉಬುಂಟು ಹಾಕಿ ಮಾರಿದ ಲ್ಯಾಪ್‌ಟಾಪ್‌ನ ಸ್ಪೀಕರ್‌ನಿಂದ ಸೌಂಡ್ ಬಾರದಿರುವ ಬಗ್ಗೆ

ಮಾನ್ಯರೇ,

ನನ್ನ ತಂಗಿಗಾಗಿ ನಿಮ್ಮ ವೆಬ್‌ಸೈಟ್‌ನಿಂದಲೇ ಒಂದು ಲ್ಯಾಪ್‌ಟಾಪ್ ತರಿಸಿದ್ದೆ. ಲಿನಕ್ಸ್‌ನ ಒಂದು ರೂಪವಾದ ಉಬುಂಟು 24.04 ಹಾಕಿಕೊಂಡೇ ಬರುವ ಮಾಡೆಲ್ ಅದು. ಬಿಲ್‌ನಲ್ಲೂ ಹಾಗೇ ಬರೆದಿದೆ. ಬಿಲ್ ನಕಲು, ಸೀರಿಯಲ್ ನಂಬರ್, ಹಳೆಯ ದೂರಿನ ವಿವರ ಎಲ್ಲ ಈ ಪತ್ರದ ಜೊತೆಗಿದೆ. ಬಾಕ್ಸ್ ತೆರೆದ ದಿನದಿಂದಲೂ ಈ ಲ್ಯಾಪ್‌ಟಾಪ್‌ನ ಸ್ಪೀಕರ್‌ನಿಂದ ಒಂದು ಚೂರೂ ಸೌಂಡ್ ಬಂದಿಲ್ಲ. ಹೆಡ್‌ಫೋನ್ ಹಾಕಿದರೆ ಬರುತ್ತದೆ. ಎಚ್‌ಡಿಎಂಐ ಕೇಬಲ್‌ನಲ್ಲಿ ಟಿವಿಗೆ ಜೋಡಿಸಿದರೆ ಬರುತ್ತದೆ. ಲ್ಯಾಪ್‌ಟಾಪ್‌ನ ಸ್ವಂತ ಸ್ಪೀಕರ್ ಮಾತ್ರ ಪೂರ್ತಿ ಮೂಕ.

ನನ್ನ ತಂಗಿಗೆ ಕಣ್ಣು ಕಾಣುವುದಿಲ್ಲ. ಬಿ.ಎ. ಕೊನೆಯ ವರ್ಷ ಓದುತ್ತಿದ್ದಾಳೆ. ಅವಳು ಕಂಪ್ಯೂಟರ್ ಬಳಸುವುದು ಓರ್ಕಾ ಸ್ಕ್ರೀನ್ ರೀಡರ್‌ನಿಂದ. ಉಬುಂಟುವಿನಲ್ಲಿ ಆಲ್ಟ್, ಸೂಪರ್, ಎಸ್ ಮೂರೂ ಕೀ ಒಟ್ಟಿಗೆ ಒತ್ತಿದರೆ ಓರ್ಕಾ ಶುರುವಾಗುತ್ತದೆ, ಪರದೆಯ ಮೇಲಿರುವುದನ್ನು ಓದಿ ಹೇಳುತ್ತದೆ. ಇ-ಸ್ಪೀಕ್ ಎನ್‌ಜಿ ಅನ್ನುವ, ಬರಹವನ್ನು ಮಾತಾಗಿಸುವ ಸಾಫ್ಟ್‌ವೇರ್‌ನ ದನಿಯಲ್ಲಿ ಕನ್ನಡವನ್ನೂ ಓದುತ್ತದೆ. ಇದಕ್ಕೆ ಬೇರೆ ದುಡ್ಡು ಕೊಡಬೇಕಿಲ್ಲ, ಬೇರೆ ಲೈಸೆನ್ಸ್ ಬೇಡ. ಅವಳು ಟೈಪಿಂಗ್ ಕಲಿತದ್ದು, ನೋಟ್ಸ್ ಮಾಡುವುದು, ಮೇಲ್ ಕಳಿಸುವುದು ಎಲ್ಲ ಇದರಲ್ಲೇ. ನಾವು ಉಬುಂಟು ಮಾಡೆಲ್ ಆರಿಸಿದ್ದು ಅದಕ್ಕೇ. ಸೌಂಡ್ ಇಲ್ಲ ಅಂದರೆ ಬೇರೆಯವರಿಗೆ ಹಾಡು ಕೇಳಿಸುವುದಿಲ್ಲ ಅಷ್ಟೇ. ಅವಳಿಗೆ ಪರದೆಯೇ ಇಲ್ಲದ ಹಾಗೆ. ಈಗ ಇಡೀ ದಿನ ಹೆಡ್‌ಫೋನ್ ಹಾಕಿಕೊಂಡೇ ಕೂರಬೇಕು. ಕಿವಿ ನೋಯುತ್ತದೆ. ವೈರ್ ಕಳಚಿಕೊಂಡರೆ ಲ್ಯಾಪ್‌ಟಾಪ್ ಏನು ಮಾಡುತ್ತಿದೆ ಅನ್ನುವುದು ಅವಳಿಗೆ ಗೊತ್ತೇ ಆಗುವುದಿಲ್ಲ. ಹೆಡ್‌ಫೋನ್ ಹಾಕಿಕೊಂಡರೆ ಕೋಣೆಗೆ ಯಾರು ಬಂದರು, ಯಾರು ಕರೆದರು ತಿಳಿಯುವುದಿಲ್ಲ. ಇದು ಅವಳಿಗೆ ಎಷ್ಟು ಕಷ್ಟ ಅಂತ ದಯವಿಟ್ಟು ಒಮ್ಮೆ ಯೋಚಿಸಿ.

ನಿಮ್ಮ ಸರ್ವಿಸ್ ಸೆಂಟರ್‌ನವರು ಕೊಟ್ಟ ಉತ್ತರ ಒಂದೇ: "ಇದು ಲಿನಕ್ಸ್ ಪ್ರಾಬ್ಲಮ್ ಮೇಡಂ, ವಿಂಡೋಸ್ ಹಾಕಿಸಿ." ಈ ಉತ್ತರವನ್ನು ನಾನು ಒಪ್ಪುವುದಿಲ್ಲ. ಲಿನಕ್ಸ್ ಹಾಕಿ ಮಾರಿದವರು ನೀವು, ಅಲ್ವಾ? ನಾವು ವಿಂಡೋಸ್ ಲ್ಯಾಪ್‌ಟಾಪ್ ಕೊಂಡು, ಆಮೇಲೆ ನಮ್ಮ ಇಷ್ಟಕ್ಕೆ ಬೇರೆ ಸಿಸ್ಟಮ್ ಹಾಕಿಕೊಂಡಿದ್ದರೆ ಆ ಮಾತಿಗೆ ಅರ್ಥ ಇರುತ್ತಿತ್ತು.

ನಾನು ಒಂದು ಕಾಲೇಜಿನ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತೇನೆ. ಲಿನಕ್ಸ್ ನನಗೆ ದಿನದ ಕೆಲಸ. ಹಾಗಾಗಿ ಸುಮ್ನೆ ದೂರು ಹೇಳದೆ, ಏನೇನು ನೋಡಿದೆ ಅಂತ ಬರೆಯುತ್ತೇನೆ. ನಿಮ್ಮ ಎಂಜಿನಿಯರ್‌ಗಳಿಗೆ ಇದರಿಂದ ಕೆಲಸ ಸುಲಭವಾಗಬೇಕು.

ಸೌಂಡ್ ಕಾರ್ಡ್ ಸಿಗದಿದ್ದರೆ ಉಬುಂಟು ಸೆಟ್ಟಿಂಗ್ಸ್‌ನಲ್ಲಿ "ಡಮ್ಮಿ ಔಟ್‌ಪುಟ್" ಅಂತ ಬರುತ್ತದೆ. ಇಲ್ಲಿ ಹಾಗಿಲ್ಲ. "ಸ್ಪೀಕರ್ಸ್" ಅಂತಲೇ ಇದೆ. ಟರ್ಮಿನಲ್‌ನಲ್ಲಿ ಕಾರ್ಡ್‌ಗಳ ಪಟ್ಟಿ ತೆಗೆದರೆ ರಿಯಲ್‌ಟೆಕ್ ಕೋಡೆಕ್ (ಸೌಂಡ್ ಚಿಪ್) ಕಾಣುತ್ತದೆ. ಸೌಂಡ್ ನಡೆಸುವ ಡಿಎಸ್‌ಪಿ ಭಾಗಕ್ಕೆ ಬೇಕಾದ ಇಂಟೆಲ್‌ನ ಎಸ್‌ಒಎಫ್ ಫರ್ಮ್‌ವೇರ್ ತಕರಾರಿಲ್ಲದೆ ಲೋಡ್ ಆಗಿದೆ. ವಾಲ್ಯೂಮ್ ತೋರಿಸುವ ಅಲ್ಸಾಮಿಕ್ಸರ್‌ನಲ್ಲಿ ಯಾವ ಕಂಬವೂ ಮ್ಯೂಟ್ ಆಗಿಲ್ಲ, ಎಲ್ಲೂ "ಎಂಎಂ" ಅಂತ ಇಲ್ಲ. ಉಬುಂಟುವಿನಲ್ಲಿ ಸೌಂಡ್ ಸಾಗಿಸುವ ಪೈಪ್‌ವೈರ್ ಓಡುತ್ತಿದೆ. ಹಾಡು ಹಾಕಿ ಪಲ್ಸ್ ಆಡಿಯೋ ವಾಲ್ಯೂಮ್ ಕಂಟ್ರೋಲ್ ತೆರೆದರೆ ಮೀಟರ್‌ನ ಪಟ್ಟಿ ಹಾಡಿನ ಜೊತೆಗೇ ಏರಿಳಿಯುತ್ತದೆ. ಅಂದರೆ ಉಬುಂಟು ತನ್ನ ಕಡೆಯಿಂದ ಸೌಂಡ್ ಕಳಿಸುತ್ತಿದೆ. ಸ್ಪೀಕರ್ ತಲುಪುವ ಮುಂಚೆ ಅದು ಎಲ್ಲೋ ನಿಂತುಹೋಗುತ್ತಿದೆ.

ಎಲ್ಲಿ ಅನ್ನುವುದು ಲಿನಕ್ಸ್‌ನ ತಿರುಳಾದ ಕರ್ನಲ್ ಬರೆದಿಡುವ ಲಾಗ್‌ನಲ್ಲಿದೆ. ಈ ಲ್ಯಾಪ್‌ಟಾಪ್‌ನಲ್ಲಿ ಕೋಡೆಕ್ ನೇರವಾಗಿ ಸ್ಪೀಕರ್ ನಡೆಸುವುದಿಲ್ಲ. ನಡುವೆ ಸಿರಸ್ ಲಾಜಿಕ್‌ನ ಸಿಎಸ್35ಎಲ್41 ಅನ್ನುವ ಎರಡು ಪುಟ್ಟ ಆಂಪ್ಲಿಫೈಯರ್ ಚಿಪ್‌ಗಳಿವೆ, ಎಡಕ್ಕೊಂದು ಬಲಕ್ಕೊಂದು. ಹೆಡ್‌ಫೋನ್‌ಗೂ ಎಚ್‌ಡಿಎಂಐಗೂ ಇವು ಬೇಕಾಗಿಲ್ಲ. ಅದಕ್ಕೇ ಅವೆರಡೂ ಸರಿಯಾಗಿವೆ. ಯಾವ ಚಿಪ್ ಎಡಕ್ಕೆ, ಯಾವುದು ಬಲಕ್ಕೆ, ವೋಲ್ಟೇಜ್ ಏರಿಸುವ ಬೂಸ್ಟ್ ಭಾಗ ಒಳಗಿದೆಯೋ ಹೊರಗಿದೆಯೋ, ಅದರ ಇಂಡಕ್ಟರ್, ಕೆಪಾಸಿಟರ್ ಎಷ್ಟರದ್ದು, ರೀಸೆಟ್ ಪಿನ್ ಯಾವುದು ಅನ್ನುವುದನ್ನು ಡ್ರೈವರ್‌ಗೆ ಬಯೋಸ್ (ಲ್ಯಾಪ್‌ಟಾಪ್ ಆನ್ ಆದಾಗ ಮೊದಲು ಓಡುವ, ಬೋರ್ಡ್‌ನಲ್ಲೇ ಇರುವ ಪ್ರೋಗ್ರಾಂ) ಹೇಳಬೇಕು. ಹಾರ್ಡ್‌ವೇರ್ ವಿವರಗಳನ್ನು ಬಯೋಸ್ ಬರೆದಿಡುವ ಎಸಿಪಿಐ ಟೇಬಲ್‌ನ ಡಿಎಸ್‌ಡಿ ಅನ್ನುವ ಭಾಗ ಇರುವುದೇ ಅದಕ್ಕೆ. ನಿಮ್ಮ ಬಯೋಸ್‌ನಲ್ಲಿ ಈ ಚಿಪ್‌ಗಳ ಹೆಸರಿದೆ, ಡಿಎಸ್‌ಡಿ ಇಲ್ಲ. ಪ್ರತಿ ಸಲ ಬೂಟ್ ಆದಾಗಲೂ ಕರ್ನಲ್ ಅದನ್ನೇ ಬರೆಯುತ್ತದೆ: ಸಿಎಸ್‌ಸಿ3551 (ಎಸಿಪಿಐನಲ್ಲಿ ಇದೇ ಆಂಪ್ಲಿಫೈಯರ್‌ನ ಹೆಸರು) ಚಿಪ್‌ನ ಎಸಿಪಿಐ ಡಿಎಸ್‌ಡಿ ವಿವರಗಳು ಇಲ್ಲ, "ಪ್ಲಾಟ್‌ಫಾರ್ಮ್ ನಾಟ್ ಸಪೋರ್ಟೆಡ್". ಲಾಗ್ ಪೂರ್ತಿ ಲಗತ್ತಿಸಿದ್ದೇನೆ. ಆ ಸಾಲುಗಳಿಗೆ ಹಳದಿ ಬಣ್ಣ ಹಚ್ಚಿದ್ದೇನೆ.

ವಿಂಡೋಸ್‌ನಲ್ಲಿ ಸೌಂಡ್ ಬರುತ್ತದೆ ಅನ್ನುತ್ತೀರಿ. ಬರಬಹುದು. ಇದೇ ಲೆಕ್ಕಗಳನ್ನು, ಅಂದರೆ ಬೂಸ್ಟ್, ಪಿನ್ ವಿವರಗಳನ್ನು, ವಿಂಡೋಸ್ ಡ್ರೈವರ್ ಪ್ಯಾಕೇಜ್ ಒಳಗೆ ಸೇರಿಸಿ ಕೊಡಲಾಗುತ್ತದೆ. ಅಂದರೆ ಆ ಮಾಹಿತಿ ನಿಮ್ಮ ಹತ್ತಿರ ಇದೆ. ಲಿನಕ್ಸ್ ಮಾಡೆಲ್‌ಗೆ ಹಾಕಿಲ್ಲ, ಅಷ್ಟೇ. ಲಿನಕ್ಸ್ ಡ್ರೈವರ್ ಅಂದಾಜಿನ ಮೇಲೆ ಚಿಪ್ ಶುರು ಮಾಡುವುದಿಲ್ಲ. ಮಾಡಲೂಬಾರದು. ಬೂಸ್ಟ್ ಲೆಕ್ಕ ತಪ್ಪಿದರೆ ಚಿಪ್‌ಗೋ ಸ್ಪೀಕರ್‌ಗೋ ಪೆಟ್ಟಾಗಬಹುದು.

ಬೇರೆ ಕೆಲವು ಕಂಪನಿಗಳ ಲ್ಯಾಪ್‌ಟಾಪ್‌ಗಳಲ್ಲೂ ಇದೇ ತೊಂದರೆ ಇತ್ತು. ಅಂಥ ಮಾಡೆಲ್‌ಗಳ ಲೆಕ್ಕವನ್ನು ಸಿರಸ್ ಲಾಜಿಕ್ ಎಂಜಿನಿಯರ್‌ಗಳೇ ಕರ್ನಲ್‌ಗೆ ಸೇರಿಸಿದ್ದಾರೆ. 2024ರ ಜನವರಿಯಲ್ಲಿ ಬಂದ 6.7 ಕರ್ನಲ್‌ನಲ್ಲಿ ಇಂಥ ಹಲವು ಮಾಡೆಲ್‌ಗಳು ಸೇರಿದವು. ನಮ್ಮ ಮಾಡೆಲ್ ಆ ಪಟ್ಟಿಯಲ್ಲಿ ಇಲ್ಲ. ಉಬುಂಟು 25.04ರ ಲೈವ್ ಯುಎಸ್‌ಬಿಯಿಂದ ಬೂಟ್ ಮಾಡಿ ನೋಡಿದೆ. ಅದರ ಕರ್ನಲ್ 6.14. ಅಲ್ಲೂ ಅದೇ ಸಾಲು ಬಂತು.

ಇನ್ನೊಂದು ವಿಷಯ ಹೇಳಲೇಬೇಕು. ನಿಮ್ಮ ಸರ್ವಿಸ್ ಸೆಂಟರ್‌ನಲ್ಲಿ ಈ ಲ್ಯಾಪ್‌ಟಾಪ್‌ಗೆ ಯಾರೋ ಒಂದು ಸೆಟ್ಟಿಂಗ್ ಹಾಕಿ ಕಳಿಸಿದರು. ಎಸ್‌ಒಎಫ್ ಬಿಟ್ಟು ಹಳೆಯ ಎಚ್‌ಡಿಎ ಡ್ರೈವರ್ ಬಳಸು ಅಂತ ಹೇಳುವ "ಡಿಎಸ್‌ಪಿ ಡ್ರೈವರ್ 1" ಅನ್ನುವ ಆಯ್ಕೆ ಅದು. ಸ್ಪೀಕರ್ ಸರಿಯಾಗಲಿಲ್ಲ. ಇದ್ದ ಮೈಕ್ ಹೋಯಿತು. ಈ ಲ್ಯಾಪ್‌ಟಾಪ್‌ನ ಒಳಗಿನ ಡಿಜಿಟಲ್ ಮೈಕ್ ಡಿಎಸ್‌ಪಿಗೆ ಜೋಡಿಸಿರುವುದರಿಂದ ಆ ಡ್ರೈವರ್ ಹಾಕಿದರೆ ಮೈಕ್ ಮಾಯವಾಗುತ್ತದೆ. ಮಾರನೆಯ ದಿನ ತಂಗಿಗೆ ಆನ್‌ಲೈನ್ ಸೆಮಿನಾರ್ ಇತ್ತು. ಅವಳ ದನಿ ಯಾರಿಗೂ ಕೇಳಿಸಲಿಲ್ಲ. ಆ ಸಾಲನ್ನು ನಾನು ತೆಗೆದ ಮೇಲೆ ಮೈಕ್ ಮರಳಿ ಬಂತು. ಜಾಬ್ ಶೀಟ್‌ನಲ್ಲಿ ಮಾತ್ರ "ಸಮಸ್ಯೆ ಪರಿಹಾರವಾಗಿದೆ" ಅಂತ ಬರೆದಿತ್ತು. ಸ್ಪೀಕರ್ ಆನ್ ಮಾಡಿ ಕೇಳದೆ ಹೀಗೆ ಬರೆಯುವುದು ತಪ್ಪು. ಆ ಶೀಟ್ ತಿದ್ದಿಸಿ ಕೊಡಿ.

ಆಮೇಲೆ ಫೋನ್‌ನಲ್ಲಿ "ಹೊಸ ಬಯೋಸ್ ಹಾಕಿ ನೋಡಿ" ಅಂದರು. ನಿಮ್ಮ ಸೈಟ್‌ಗೆ ಹೋಗಿ ನೋಡಿದರೆ ಬಯೋಸ್ ಫೈಲ್ ವಿಂಡೋಸ್‌ನಲ್ಲಿ ಮಾತ್ರ ಓಡುವ ಇಎಕ್ಸ್‌ಇ. ವಿಂಡೋಸ್ ಇಲ್ಲದ ಲ್ಯಾಪ್‌ಟಾಪ್ ಕೊಂಡವರು ಅದನ್ನು ಎಲ್ಲಿ ಓಡಿಸಬೇಕು? ಡೆಲ್, ಲೆನೊವೊ, ಎಚ್‌ಪಿಯಂಥ ಕಂಪನಿಗಳು ಬಯೋಸ್ ಅಪ್‌ಡೇಟ್‌ಗಳನ್ನು ಎಲ್‌ವಿಎಫ್‌ಎಸ್ ಅನ್ನುವ, ಲಿನಕ್ಸ್‌ಗೆ ಫರ್ಮ್‌ವೇರ್ ಹಂಚುವ ಆನ್‌ಲೈನ್ ಸೇವೆಯ ಮೂಲಕ ಕೊಡುತ್ತವೆ. ಉಬುಂಟುವಿನಲ್ಲಿರುವ ಎಫ್‌ಡಬ್ಲ್ಯುಅಪ್‌ಡಿ ಅನ್ನುವ ಪ್ರೋಗ್ರಾಂ ಅದನ್ನು ಅಲ್ಲಿಂದಲೇ ತಂದು ಹಾಕುತ್ತದೆ. ಓರ್ಕಾ ಬಳಸಿ ತಂಗಿಯೇ ಯಾರ ಸಹಾಯವೂ ಇಲ್ಲದೆ ಮಾಡಿಕೊಳ್ಳಬಹುದಾದ ಕೆಲಸ ಅದು.

ನಾನು ಕೇಳುತ್ತಿರುವುದು ಇಷ್ಟು. ಸಿಎಸ್35ಎಲ್41 ಚಿಪ್‌ಗಳಿಗೆ ಸರಿಯಾದ ಡಿಎಸ್‌ಡಿ ಸೇರಿಸಿದ ಬಯೋಸ್ ಅಪ್‌ಡೇಟ್ ಕೊಡಿ. ಅದನ್ನು ವಿಂಡೋಸ್ ಇಲ್ಲದೆ ಹಾಕುವ ಹಾಗಿರಲಿ. ಹೊಸ ಬಯೋಸ್‌ಗೆ ತಡವಾಗುವುದಾದರೆ ಈ ಮಾಡೆಲ್‌ನ ಲೆಕ್ಕಗಳನ್ನು ಸಿರಸ್ ಲಾಜಿಕ್‌ನವರ ಜೊತೆ ಸೇರಿ ಕರ್ನಲ್‌ಗೆ ಕಳಿಸಿ, ಅದು ಉಬುಂಟು 24.04ರ ಅಪ್‌ಡೇಟ್‌ನಲ್ಲಿ ಬರುವ ಹಾಗೆ ನೋಡಿಕೊಳ್ಳಿ. ಇದೇ ಮಾಡೆಲ್ ಕೊಂಡ ಬೇರೆಯವರಿಗೂ ಅದರಿಂದ ಉಪಯೋಗವಾಗುತ್ತದೆ. ಮದರ್‌ಬೋರ್ಡ್ ಬದಲಿಸಿ ಕೊಡುತ್ತೇವೆ ಅನ್ನಬೇಡಿ. ಅದೇ ಬಯೋಸ್ ಇರುವ ಇನ್ನೊಂದು ಬೋರ್ಡ್‌ನಿಂದ ಏನೂ ಬದಲಾಗುವುದಿಲ್ಲ. ಬಯೋಸ್ ಅಪ್‌ಡೇಟ್, ಕರ್ನಲ್‌ಗೆ ಲೆಕ್ಕ ಕಳಿಸುವುದು ಎರಡೂ ನಿಮ್ಮಿಂದ ಆಗದಿದ್ದರೆ ಲ್ಯಾಪ್‌ಟಾಪ್ ವಾಪಸ್ ತೆಗೆದುಕೊಂಡು ಪೂರ್ತಿ ಹಣ ಕೊಡಿ. ಸ್ಪೀಕರ್ ಮಾತಾಡುವ ಬೇರೆ ಲ್ಯಾಪ್‌ಟಾಪ್ ಕೊಂಡು ತಂಗಿಗೆ ಕೊಡುತ್ತೇನೆ. ಪರೀಕ್ಷೆ ಹತ್ತಿರ ಬರುತ್ತಿದೆ, ಅವಳು ಕಾಯುವ ಹಾಗಿಲ್ಲ.

2020ರ ಇ-ಕಾಮರ್ಸ್ ಗ್ರಾಹಕ ರಕ್ಷಣಾ ನಿಯಮಗಳ ಪ್ರಕಾರ ಈ ದೂರು ತಲುಪಿದೆ ಅಂತ ನೀವು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹಾರ ಕೊಡಬೇಕು. ಅದು ಆಗದಿದ್ದರೆ 1915ಕ್ಕೆ ಕರೆ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಿಸುತ್ತೇನೆ. ಆಮೇಲೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ಗ್ರಾಹಕರು ತಾವಿರುವ ಊರಿನ ಆಯೋಗದಲ್ಲೇ ದೂರು ಕೊಡಬಹುದು. 5 ಲಕ್ಷ ರೂಪಾಯಿವರೆಗಿನ ವಸ್ತುವಿಗೆ ಶುಲ್ಕವೂ ಇಲ್ಲ. ಅಲ್ಲಿಯವರೆಗೆ ಹೋಗುವ ಇಷ್ಟ ನನಗಿಲ್ಲ. ನಿಮ್ಮ ಬಯೋಸ್ ಮಾಡುವ ತಂಡದಲ್ಲಿ ಒಬ್ಬರು ಕೂತು ಈ ಲಾಗ್ ಓದಿದರೆ ವಿಷಯ ಅವರಿಗೆ ತಕ್ಷಣ ತಿಳಿಯುತ್ತದೆ. ದಯವಿಟ್ಟು ಈ ಪತ್ರವನ್ನು ಸರ್ವಿಸ್ ಸೆಂಟರ್‌ಗೆ ವಾಪಸ್ ತಳ್ಳಬೇಡಿ, ಆ ತಂಡಕ್ಕೇ ಕಳಿಸಿ. ಅವರಿಗೆ ಇನ್ನಷ್ಟು ಲಾಗ್ ಬೇಕಿದ್ದರೆ, ಪರೀಕ್ಷೆಗೆ ಹೊಸ ಬಯೋಸ್ ಹಾಕಿ ನೋಡಬೇಕಿದ್ದರೆ, ನಾನು ಮಾಡಿಕೊಡುತ್ತೇನೆ.

ಇಂತಿ,
ನಿಮ್ಮ ಗ್ರಾಹಕಿ,
ದಾವಣಗೆರೆ

ಲಗತ್ತು: ಬಿಲ್ ನಕಲು, ಕರ್ನಲ್ ಲಾಗ್, ಎಸಿಪಿಐ ಟೇಬಲ್ ಪ್ರತಿ, ಸರ್ವಿಸ್ ಸೆಂಟರ್‌ನ ಜಾಬ್ ಶೀಟ್