ಸೂಪರ್‌ಹೀರೋ ಸಿನಿಮಾಗೆ ಯಾವ ಮ್ಯೂಸಿಕ್ ಅಂತ ಕೇಳಿದ್ಯಲ್ಲ ಚಿನ್ನು

ಚಿನ್ನು,

ನಿನ್ನ ವಾಯ್ಸ್ ಮೆಸೇಜು, ಕಳ್ಸಿದ ಕಥೆ, ಎರಡು ಸೀನಿನ ವಿಡಿಯೋ ಎಲ್ಲಾ ನೋಡ್ದೆ. ಇಷ್ಟು ವರ್ಷ ಬೇರೆಯವರ ಸಿನಿಮಾಗಳಿಗೆ ರಾತ್ರಿಯೆಲ್ಲಾ ಕೂತು ಕಂಪ್ಯೂಟರಲ್ಲಿ ಮ್ಯೂಸಿಕ್ ಪ್ರೋಗ್ರಾಮಿಂಗ್ ಮಾಡಿದವಳಿಗೆ ಈಗ ಸ್ವಂತ ಹೆಸರಲ್ಲಿ ಸ್ಕೋರ್, ಅಂದ್ರೆ ಹಿನ್ನೆಲೆ ಸಂಗೀತ, ಮಾಡೋ ಸಿನಿಮಾ ಸಿಕ್ಕಿದೆ, ಅದೂ ಕನ್ನಡದಲ್ಲಿ ಒಂದು ಸೂಪರ್‌ಹೀರೋ ಸಿನಿಮಾ, ಅದೂ ಹೀರೋ ಗದಗ ಕಡೆಯ ಒಬ್ಳು ಬಸ್ ಕಂಡಕ್ಟರ್ ಹುಡುಗಿ. ಕೇಳಿ ನಂಗೆ ಎಷ್ಟು ಖುಷಿಯಾಯ್ತು ಅಂತ ಫೋನಲ್ಲಿ ಸರಿಯಾಗಿ ಹೇಳೋಕಾಗ್ಲಿಲ್ಲ, ಅದಕ್ಕೇ ಬರೀತಿದೀನಿ. ಸ್ವಲ್ಪ ಉದ್ದ ಆಗುತ್ತೆ, ಪುರುಸೊತ್ತಲ್ಲಿ ಓದು.

ನೀನು ಕೇಳಿದ್ದು, ಮಾಮ, ದೊಡ್ಡ ಆರ್ಕೆಸ್ಟ್ರಾ ಇಡ್ಲಾ, ಸಿಂಥ್ ಇಟ್ಕೊಂಡು ಮಾಡರ್ನ್ ಆಗಿ ಹೋಗ್ಲಾ, ಇಲ್ಲಾ ನಮ್ಮ ಜಾನಪದ ವಾದ್ಯ ಹಾಕ್ಲಾ ಅಂತ. ಈ ಪ್ರಶ್ನೆನ ಒಂದು ವಾರ ಪಕ್ಕಕ್ಕಿಡು. ಮೊದ್ಲು ಆ ಹುಡುಗಿ ಯಾರು, ಮುಖವಾಡ ಇಲ್ದಿರುವಾಗ ಅವಳು ಏನು, ಅವಳ ಕಿವಿಗೆ ದಿನಾ ಬೀಳೋ ಸದ್ದು ಯಾವುದು ಅಂತ ಕೂತು ಯೋಚನೆ ಮಾಡು. ಸ್ಟೈಲು ಅಲ್ಲಿಂದ ಹುಟ್ಟಬೇಕು. ಕೆಲಸಕ್ಕೆ ಬಂದ ಸೂಪರ್‌ಹೀರೋ ಸ್ಕೋರ್‌ಗಳೆಲ್ಲಾ ಹಾಗೇ ಹುಟ್ಟಿವೆ, ಬೇಕಾದ್ರೆ ಒಂದೊಂದೇ ತಗೊಂಡು ನೋಡು.

1978ರ ಸೂಪರ್‌ಮ್ಯಾನ್‌ಗೆ ಜಾನ್ ವಿಲಿಯಮ್ಸ್ ಲಂಡನ್ ಸಿಂಫನಿ ಆರ್ಕೆಸ್ಟ್ರಾ ಇಟ್ಕೊಂಡು ಮಾರ್ಚ್ ಬರೆದ್ರು. ಅದನ್ನ ಇವತ್ತು ಎಲ್ಲರೂ ‘ಸೂಪರ್‌ಹೀರೋ ಸ್ಟೈಲ್’ ಅಂತಾರೆ. ಆದ್ರೆ ಅವರು ಅದನ್ನ ಯಾಕೆ ಆರಿಸ್ಕೊಂಡ್ರು ನೋಡು. ಸೂಪರ್‌ಮ್ಯಾನ್ ಕಾಮಿಕ್ಸ್ ಮೊದಲು ಬಂದಿದ್ದು 1938ರಲ್ಲಿ. ಅದೇ ವರ್ಷ ವಿಯೆನ್ನಾದಿಂದ ಹಾಲಿವುಡ್‌ಗೆ ಬಂದಿದ್ದ ಎರಿಕ್ ಕೋರ್ನ್‌ಗೋಲ್ಡ್ ರಾಬಿನ್ ಹುಡ್ ಸಿನಿಮಾಗೆ ಸ್ಕೋರ್ ಮಾಡಿ ಆಸ್ಕರ್ ತಗೊಂಡ್ರು, ಟ್ರಂಪೆಟ್ಟು, ಫ್ರೆಂಚ್ ಹಾರ್ನು, ಒಪೆರಾ ಥರದ ದೊಡ್ಡ ದೊಡ್ಡ ಮಧುರ ಸಾಲುಗಳು. ಅಂದ್ರೆ ಆ ಹೀರೋ ಹುಟ್ಟಿದ ಕಾಲಕ್ಕೆ ಸಿನಿಮಾದ ವೀರರ ಸಂಗೀತ ಹೇಗಿತ್ತೋ ಅದೇ ದಾರಿನ ವಿಲಿಯಮ್ಸ್ ಮತ್ತೆ ಹಿಡಿದ್ರು, ಅದೂ ಸಿಂಥಸೈಜರ್, ಡಿಸ್ಕೋ ಎಲ್ಲಾ ಜೋರಾಗಿದ್ದ ಕಾಲದಲ್ಲಿ. ಆ ಹೀರೋಗೆ ಅನುಮಾನ ಅನ್ನೋದೇ ಇಲ್ಲ, ಹಗಲಲ್ಲಿ ಹಾರ್ತಾನೆ, ಅವನ ಟ್ಯೂನ್ ಕೂಡ ನೆಟ್ಟಗೆ ಮೇಲಕ್ಕೇ ಹೋಗುತ್ತೆ.

1989ರ ಬ್ಯಾಟ್‌ಮನ್‌ಗೆ ಡ್ಯಾನಿ ಎಲ್ಫ್‌ಮನ್. ಅವರು ರಾಕ್ ಬ್ಯಾಂಡಿಂದ ಬಂದವರು, ಆದ್ರೂ ರಾಕ್ ಮಾಡ್ಲಿಲ್ಲ. ಲಂಡನ್‌ನಲ್ಲಿ ಸೆಟ್ ನೋಡ್ಕೊಂಡು ವಾಪಸ್ ವಿಮಾನದಲ್ಲಿ ಬರುವಾಗ ಥೀಮ್ ಹೊಳೀತಂತೆ, ಟಾಯ್ಲೆಟ್‌ಗೆ ಹೋಗಿ ಹೋಗಿ ಸಣ್ಣ ಟೇಪ್ ರೆಕಾರ್ಡರ್‌ಗೆ ಗುನುಗಿ ಬಂದ್ರಂತೆ, ಅವರೇ ಹೇಳ್ಕೊಂಡಿದಾರೆ. ಆ ಕತ್ತಲೆ ಊರು, ಆ ಎತ್ತರದ ಕಪ್ಪು ಕಟ್ಟಡಗಳು ಕಣ್ಣಿಗೆ ಬಿದ್ದಮೇಲೆ ಬಂದ ಟ್ಯೂನ್ ಅದು. ಅದೇ ಬ್ಯಾಟ್‌ಮನ್ 2005ರಲ್ಲಿ ಹಾನ್ಸ್ ಜಿಮ್ಮರ್ ಮತ್ತು ಜೇಮ್ಸ್ ನ್ಯೂಟನ್ ಹೋವರ್ಡ್ ಕೈಗೆ ಬಂದಾಗ ಥೀಮು ಎರಡೇ ಸ್ವರಕ್ಕೆ ಇಳೀತು. ಅವನು ಅಪ್ಪ ಅಮ್ಮನ ಸಾವಿನಿಂದ ಹೊರಗೇ ಬಂದಿಲ್ಲ, ಅದಕ್ಕೇ ಆ ಎರಡು ಸ್ವರ ಮೇಲೇಳುತ್ತೆ, ನಿಲ್ಲುತ್ತೆ, ಮುಂದಕ್ಕೆ ಹೋಗಿ ಮುಗಿಯೋದೇ ಇಲ್ಲ. ಒಂದೇ ಹೀರೋ, ಎರಡು ಬೇರೆ ಬೇರೆ ಸ್ಟೈಲ್, ಎರಡೂ ಸರಿ, ಯಾಕಂದ್ರೆ ಎರಡು ಸಿನಿಮಾದಲ್ಲಿ ಇರೋ ಮನುಷ್ಯನೇ ಬೇರೆ ಬೇರೆ.

ಈಗ ನಿನ್ನ ಡೈರೆಕ್ಟರ್ ವಿಷಯ. ಎಡಿಟ್‌ನಲ್ಲಿ ಪೂರ್ತಿ ಜಿಮ್ಮರ್ ಮ್ಯೂಸಿಕ್ ಹಾಕಿಟ್ಟಿದಾರೆ, ‘ಇದೇ ಫೀಲ್ ಬೇಕು’ ಅಂತಿದಾರೆ ಅಂದ್ಯಲ್ಲ. ಈ ಟೆಂಪ್ ಟ್ರ್ಯಾಕ್, ಅಂದ್ರೆ ಎಡಿಟ್‌ನಲ್ಲಿ ತಾತ್ಕಾಲಿಕವಾಗಿ ಹಾಕಿಟ್ಕೊಳ್ಳೋ ಬೇರೆಯವರ ಸಂಗೀತ, ಇದ್ಯಲ್ಲ ಚಿನ್ನು, ಇದೇ ನಿನ್ನ ಮುಂದಿರೋ ದೊಡ್ಡ ಅಪಾಯ, ಸ್ಟೈಲ್ ಆಯ್ಕೆ ಅಲ್ಲ. ಮೂರು ತಿಂಗಳು ಅದೇ ಕೇಳಿ ಕೇಳಿ ಅವರ ಕಿವಿ ಅದಕ್ಕೆ ಒಗ್ಗಿ ಹೋಗಿರುತ್ತೆ, ಆಮೇಲೆ ನೀನು ಚಿನ್ನದಂಥಾ ಟ್ಯೂನ್ ಕೊಟ್ರೂ ‘ಏನೋ ಕಮ್ಮಿ ಇದೆ’ ಅಂತಾರೆ. ಡೈರೆಕ್ಟರ್ ಸ್ಟಾನ್ಲಿ ಕುಬ್ರಿಕ್ 1968ರ ತಮ್ಮ ಬಾಹ್ಯಾಕಾಶದ ಸಿನಿಮಾ ‘2001: ಎ ಸ್ಪೇಸ್ ಒಡಿಸ್ಸಿ’ಗೆ ಅಲೆಕ್ಸ್ ನಾರ್ತ್ ಅಂಥಾ ದೊಡ್ಡ ಸಂಗೀತಗಾರರಿಂದ ಸ್ಕೋರ್ ಬರೆಸಿ, ಕೊನೆಗೆ ಎಡಿಟ್‌ನಲ್ಲಿ ಹಾಕಿಟ್ಕೊಂಡಿದ್ದ ರೆಕಾರ್ಡ್‌ಗಳನ್ನೇ ಉಳಿಸ್ಕೊಂಡ್ರು, ನಾರ್ತ್‌ಗೆ ಗೊತ್ತಾಗಿದ್ದು ಸಿನಿಮಾ ನೋಡುವಾಗ. 2016ರಲ್ಲಿ ಯೂಟ್ಯೂಬಲ್ಲಿ ಒಂದು ವಿಡಿಯೋ ಬಂದಿತ್ತು, ರಸ್ತೆಯಲ್ಲಿ ಹೋಗೋರನ್ನ ನಿಲ್ಲಿಸಿ ಮಾರ್ವೆಲ್ ಸಿನಿಮಾದ್ದು ಯಾವ್ದಾದ್ರೂ ಒಂದು ಟ್ಯೂನ್ ಹಾಡಿ ಅಂದ್ರೆ ಹಾಡೋಕೆ ಬರ್ಲಿಲ್ಲ, ಸ್ಟಾರ್ ವಾರ್ಸ್ ಅಂದ ತಕ್ಷಣ ಹಾಡಿದ್ರು. ಅಷ್ಟು ದುಡ್ಡು, ಅಷ್ಟು ದೊಡ್ಡ ಆರ್ಕೆಸ್ಟ್ರಾ ಇದ್ದೂ ಹಾಗಾಗೋಕೆ ಒಂದು ಕಾರಣ ಈ ಟೆಂಪ್ ಅನ್ನೋದನ್ನ ಆ ವಿಡಿಯೋ ಚೆನ್ನಾಗಿ ತೋರಿಸುತ್ತೆ, ಹುಡುಕಿ ನೋಡು. ಸ್ಟುಡಿಯೋಲಿ ಪಿಟೀಲು ಹಿಡಿದು ಕೂತಾಗ ನಂಗೂ ಇದು ಎಷ್ಟೋ ಸಲ ಅನುಭವಕ್ಕೆ ಬಂದಿದೆ, ನೋಟ್ಸ್ ಕೈಗೆ ಬಂದ ತಕ್ಷಣ ಇದು ಯಾವ ಸಿನಿಮಾದ ನೆರಳು ಅಂತ ನಾಲ್ಕನೇ ಬಾರ್‌ಗೇ ಗೊತ್ತಾಗಿಬಿಡೋದು, ನುಡಿಸೋ ಹತ್ತು ಜನರಿಗೂ ಗೊತ್ತಾಗೋದು, ಕೈ ತಾನಾಗೇ ಸೋಲ್ತಿತ್ತು.

ಅವರ ಜೊತೆ ಜಗಳ ಆಡು ಅಂತಿಲ್ಲ. ಅವರಿಗೆ ಜಿಮ್ಮರ್‌ದು ಇಷ್ಟ ಆಗಿದ್ದಕ್ಕೆ ಕಾರಣ ಇರುತ್ತೆ, ಅದನ್ನ ಬಿಡಿಸಿ ಬಿಡಿಸಿ ಕೇಳು. ‘ಸರ್, ಈ ಜಾಗದಲ್ಲಿ ನಿಮಗೆ ಭಯ ಬೇಕಾ, ಹೆಮ್ಮೆ ಬೇಕಾ, ಇವಳು ಒಬ್ಬಳೇ ಅನ್ನೋದು ಗೊತ್ತಾಗ್ಬೇಕಾ’ ಅಂತ. ವಾದ್ಯದ ಹೆಸರು ಎತ್ತಬೇಡ, ಭಾವದ ಹೆಸರು ಎತ್ತು. ಆಮೇಲೆ ಶೂಟಿಂಗ್ ಇನ್ನೂ ಬಾಕಿ ಇದೆ ಅಂದ್ಯಲ್ಲ, ಅದು ನಿನ್ನ ಅದೃಷ್ಟ, ಈಗ್ಲೇ ಎರಡು ಮೂರು ಥೀಮ್ ಮಾಡಿ ಕೊಟ್ಬಿಡು, ಎಡಿಟರ್ ಟೆಂಪ್ ಆಗಿ ಅದನ್ನೇ ಹಾಕ್ಲಿ. ಅವರ ಕಿವಿ ಒಗ್ಗೋದೇ ಆದ್ರೆ ನಿನ್ನ ಸಂಗೀತಕ್ಕೇ ಒಗ್ಲಿ.

ಇನ್ನು ಆ ಹುಡುಗಿ. ಕಥೆ ಓದುವಾಗ ನನ್ನ ತಲೇಲಿ ಮೊದ್ಲು ಕೇಳಿಸಿದ್ದು ಸೀಟಿ. ಕಂಡಕ್ಟರ್ ಸೀಟಿ! ಒಂದು ಊದಿದ್ರೆ ನಿಲ್ಲು, ಎರಡು ಊದಿದ್ರೆ ರೈಟ್. ಇಡೀ ಕರ್ನಾಟಕದಲ್ಲಿ ಬಸ್ ಹತ್ತಿದ ಪ್ರತಿಯೊಬ್ಬರಿಗೂ ಅದು ಗೊತ್ತು, ಯಾರಿಗೂ ವಿವರಿಸ್ಬೇಕಾಗಿಲ್ಲ. ಹುಡುಗಿ ಥೀಮು ಆ ಎರಡು ಚುಟುಕು ಪೆಟ್ಟಿಂದ ಶುರುವಾಗ್ಲಿ, ಆಮೇಲೆ ಟ್ಯೂನ್ ಬಿಚ್ಚಿಕೊಳ್ಳಲಿ. ನಿನ್ನ ವಿಲನ್ನು ಇದ್ದಾನಲ್ಲ, ಅವಳ ಜೊತೇನೇ ಡ್ಯೂಟಿ ಮಾಡ್ತಿದ್ದ ಡ್ರೈವರ್ರು, ಓಡೋದನ್ನೆಲ್ಲಾ ನಿಲ್ಲಿಸೋ ಶಕ್ತಿ ಬಂದವನು, ಅವನಿಗೆ ಒಂದೇ ಉದ್ದ ಸ್ವರ. ಬೇರೇನೂ ಬೇಡ. 2008ರ ಡಾರ್ಕ್ ನೈಟ್‌ನಲ್ಲಿ ಜೋಕರ್‌ಗೆ ಜಿಮ್ಮರ್ ಮಾಡಿದ್ದೂ ಹೆಚ್ಚುಕಮ್ಮಿ ಅದೇ, ಚೆಲ್ಲೋದಲ್ಲಿ ಒಂದು ಸ್ವರನ ಎಳೆದು ಎಳೆದು ಬಿಗಿ ಮಾಡ್ತಾ ಹೋಗ್ತಾರೆ, ತಂತಿ ಈಗ ಹರೀತು ಅನ್ಸುತ್ತೆ, ಹರಿಯಲ್ಲ. ಡೈರೆಕ್ಟರ್‌ಗೆ ಜಿಮ್ಮರ್‌ನಿಂದ ಬೇಕಾಗಿರೋದು ಇಂಥ ಧೈರ್ಯ, ಆ ಬ್ರಾಸ್ (ಟ್ರಂಪೆಟ್ಟು, ಹಾರ್ನು ಥರದ ಊದೋ ವಾದ್ಯ) ಸದ್ದಲ್ಲ, ಇದನ್ನ ಅವರಿಗೆ ಕೇಳಿಸಿ ಹೇಳು.

ಆದ್ರೆ ನಿಜವಾದ ಸೀಟಿನ ಸ್ಕೋರ್ ಒಳಗೆ ಎಲ್ಲಾ ಕಡೆ ಇಡ್ಬೇಡ. ಅದರ ಸದ್ದು ಸುಮಾರು 2ರಿಂದ 4 ಕಿಲೋಹರ್ಟ್ಜ್ ಹತ್ರ ಕೂರುತ್ತೆ, ಮಾತಿನ ವ್ಯಂಜನಗಳು ಸ್ಪಷ್ಟ ಆಗೋದೂ ಅದೇ ಜಾಗದಲ್ಲಿ, ಡೈಲಾಗ್ ಇದ್ರೆ ಮಿಕ್ಸ್‌ನಲ್ಲಿ ಮೊದ್ಲು ನಿನ್ನದನ್ನೇ ಇಳಿಸ್ತಾರೆ. ಸೀಟಿಯ ಲಯ ಮಾತ್ರ ತಗೊಂಡು ವಯೋಲಾಗೋ ಚೆಲ್ಲೋ ಪಿಜಿಕಾಟೋಗೋ (ಬಿಲ್ಲು ಬಿಟ್ಟು ಬೆರಳಿಂದ ಮೀಟೋದು) ಕೊಡು, ಅಸಲಿ ಸೀಟಿ ಅವಳು ಮೊದಲ ಸಲ ಶಕ್ತಿ ತೋರಿಸೋ ಸೀನಿಗೆ ಉಳಿಸ್ಕೋ. ಫೈಟ್‌ಗೂ ಇದೇ ಮಾತು. ಕೆಳಗಿನ ಜಾಗನೆಲ್ಲಾ ಬಸ್ ಇಂಜಿನ್ನು, ಗುದ್ದು, ಸ್ಫೋಟ ತಿಂದುಹಾಕುತ್ತೆ, ನೀನು ದೊಡ್ಡ ಡ್ರಮ್ಮು ಹತ್ತು ಲೇಯರ್ ಹಾಕಿದ್ರೂ ಥಿಯೇಟರಲ್ಲಿ ಮಣ್ಣುಮುದ್ದೆ. ಸೌಂಡ್ ಡಿಸೈನರ್ ಯಾರು ಅಂತ ತಿಳ್ಕೊಂಡು ಈ ವಾರನೇ ಫೋನ್ ಮಾಡು, ಯಾವ ಗುದ್ದು ಅವರದ್ದು, ಯಾವುದು ನಿನ್ನದು ಅಂತ ಮೊದ್ಲೇ ಹಂಚ್ಕೊಳ್ಳಿ.

ಟ್ಯೂನ್ ವಿಷಯಕ್ಕೆ ಒಂದು ಮಾತು, ಇದು ನಿಂಗೆ ಸಂಗೀತ ಪಾಠದಲ್ಲೇ ಗೊತ್ತಿರೋದು, ಆದ್ರೆ ಸಿನಿಮಾಗೆ ಉಪಯೋಗಿಸೋಕೆ ತಲೆಗೆ ಬಂದಿರಲ್ಲ. ಅವಳ ಥೀಮ್ ಮೋಹನ ರಾಗದಲ್ಲಿ ಮಾಡಿ ನೋಡು. ಸ ರಿ ಗ ಪ ದ, ಕೀಬೋರ್ಡಲ್ಲಿ ಸಿ ಡಿ ಇ ಜಿ ಎ, ಐದೇ ಕೀ. ಹಾಡೋಕೆ ಸುಲಭ, ಮಕ್ಕಳೂ ಗುನುಗ್ತಾರೆ, ಫ್ರೆಂಚ್ ಹಾರ್ನಲ್ಲಿ ಕೊಟ್ರೂ ಚೆಂದ, ಕೊಳಲಲ್ಲಿ ಕೊಟ್ರೂ ಚೆಂದ. ಈಗ ಆ ಐದು ಸ್ವರಗಳಲ್ಲಿ ಒಂದನ್ನೂ ಬದಲಾಯಿಸ್ದೆ ಶ್ರುತಿ ಮಾತ್ರ ಗಾಂಧಾರಕ್ಕೆ ಸರಿಸು, ಅಂದ್ರೆ ಕೆಳಗಿನ ಬೇಸ್ ಸಿ ಇಂದ ಇ ಗೆ. ಅದೇ ಸ್ವರಗಳು ಹಿಂದೋಳ ರಾಗ ಆಗಿಬಿಡುತ್ತೆ! ರಿಷಭಕ್ಕೆ ಸರಿಸಿದ್ರೆ ಮಧ್ಯಮಾವತಿ. ಹೀಗೆ ಆಧಾರ ಸ್ವರ ಸರಿಸಿ ರಾಗ ಬದಲಿಸೋದೇ ನಮ್ಮ ಗ್ರಹಭೇದ. ಎರಡನೇ ಅರ್ಧದಲ್ಲಿ ಅವಳ ಕಣ್ಮುಂದೇನೇ ಬಸ್ ಕಣಿವೆಗೆ ಬೀಳೋ ಸೀನ್ ಇದ್ಯಲ್ಲ, ಅಲ್ಲಿ ಮೇಲಿನ ಟ್ಯೂನ್ ಹಾಗೇ ಇರ್ಲಿ, ಕೆಳಗೆ ಬೇಸ್ ಮಾತ್ರ ಜಾರ್ಲಿ. ಕೇಳೋರಿಗೆ ಏನಾಯ್ತು ಅಂತ ಗೊತ್ತಾಗಲ್ಲ, ಹೊಟ್ಟೆಯೊಳಗೆ ಏನೋ ಕುಸಿದಂಗಾಗುತ್ತೆ. ಮಾಡಿ ನೋಡು, ನಾನು ಪಿಟೀಲಲ್ಲಿ ನುಡಿಸಿ ನೋಡ್ದೆ, ರೋಮಾಂಚನ ಆಯ್ತು.

ಜಾನಪದ ವಾದ್ಯದ ಬಗ್ಗೆ. ಗದಗ, ಹುಬ್ಬಳ್ಳಿ ಕಡೆ ಕಥೆ ಅಂದಮೇಲೆ ಜಗ್ಗಲಿಗೆ, ಹಲಗಿ ಥರದ ಚರ್ಮವಾದ್ಯ, ತಂತಿ ಮೀಟೋ ಚೌಡಿಕೆ ನೆನಪಾಗೋದು ಸಹಜ. ಎತ್ತಿನ ಗಾಡಿ ಚಕ್ರಕ್ಕೆ ಚರ್ಮ ಬಿಗಿದು ಮಾಡೋ ಜಗ್ಗಲಿಗೆ ಅಂತೂ ಬಸ್ಸಿನ ಕಥೆಗೆ ಎಷ್ಟು ಹೊಂದುತ್ತೆ ನೋಡು. ಆದ್ರೆ ಸೌಂಡ್ ಲೈಬ್ರರಿಯಿಂದ ಒಂದು ರೆಡಿಮೇಡ್ ಲೂಪ್ ಎಳೆದು ಪ್ರತಿ ಫೈಟ್ ಕೆಳಗೂ ಹಾಕಿ ‘ಮಣ್ಣಿನ ಸೊಗಡು’ ಅನ್ನೋ ಕೆಲಸ ಬೇಡ. ಬ್ಲ್ಯಾಕ್ ಪ್ಯಾಂಥರ್‌ಗೆ ಲುಡ್ವಿಗ್ ಗೊರಾನ್ಸನ್ ಏನು ಮಾಡಿದ್ರು ಗೊತ್ತಲ್ವಾ? ಸ್ವೀಡನ್ ಹುಡುಗ, ಸೆನೆಗಲ್‌ಗೆ ಹೋಗಿ ಬಾಬಾ ಮಾಲ್ ಅನ್ನೋ ದೊಡ್ಡ ಗಾಯಕರ ಜೊತೆ ಊರೂರು ತಿರುಗಿದ್ರು. ಅಲ್ಲಿ ತಾಮಾ ಅಂತ ಒಂದು ವಾದ್ಯ, ಕಂಕುಳಲ್ಲಿ ಇಟ್ಕೊಂಡು ಹಗ್ಗ ಅದುಮಿದ್ರೆ ಶ್ರುತಿ ಏರುತ್ತೆ ಇಳಿಯುತ್ತೆ, ಮಾತಾಡಿದ ಹಾಗೇ ಕೇಳುತ್ತೆ. ಅದರ ವಾದಕರ ಕೈಲಿ ಹೀರೋ ಹೆಸರನ್ನೇ ಆ ವಾದ್ಯದಲ್ಲಿ ಕರೆಸಿದ್ರು, ಅದೇ ಥೀಮ್ ಆಯ್ತು. ವಿಲನ್‌ಗೆ ಫುಲಾ ಕೊಳಲು, ಅದರ ಕೆಳಗೆ ಹಿಪ್‌ಹಾಪ್ ಬೀಟ್, ಯಾಕಂದ್ರೆ ಅವನ ಬೇರು ಆಫ್ರಿಕಾದ್ದು, ಬೆಳೆದಿದ್ದು ಅಮೆರಿಕದಲ್ಲಿ. ಇಷ್ಟೆಲ್ಲದರ ಜೊತೆ ಆರ್ಕೆಸ್ಟ್ರಾನೂ ಇತ್ತು. 2019ರಲ್ಲಿ ಆಸ್ಕರ್ ಬಂತು.

ನೀನೂ ಹೋಗು. ಒಂದು ಒಳ್ಳೆ ಫೀಲ್ಡ್ ರೆಕಾರ್ಡರ್ ತಗೊಂಡು ಹುಬ್ಬಳ್ಳಿ ಕಡೆ ಹೋಗಿ ಜಗ್ಗಲಿಗೆ ಬಾರಿಸೋರ ಜೊತೆ ಕೂತ್ಕೋ, ಯಾವ ಪೆಟ್ಟು ಯಾವಾಗ ಬಾರಿಸ್ತಾರೆ ಅಂತ ಕೇಳು. ಹಬ್ಬದ ಪೆಟ್ಟೇ ಬೇರೆ, ಸಾವಿನ ಪೆಟ್ಟೇ ಬೇರೆ, ಗೊತ್ತಿಲ್ದೆ ಸಾವಿನದನ್ನ ಹೀರೋ ಎಂಟ್ರಿಗೆ ಹಾಕಿದ್ರೆ ಆ ಊರಿನ ಜನ ಥಿಯೇಟರಲ್ಲಿ ಏನಂದ್ಕೋತಾರೆ ಯೋಚನೆ ಮಾಡು. ಚೌಡಿಕೆ ಎಲ್ಲಮ್ಮನ ಭಕ್ತರದ್ದು, ಅದನ್ನ ಕಾಮಿಡಿಗೆ ಮಾತ್ರ ಯಾರು ಹೇಳಿದ್ರೂ ಹಾಕ್ಬೇಡ. ನುಡಿಸಿದವರಿಗೆ ಅಲ್ಲೇ ಕೈಗೆ ದುಡ್ಡು ಕೊಡು, ಟೈಟಲ್‌ನಲ್ಲಿ ಅವರ ಹೆಸರು ಹಾಕಿಸು. ‘ಜಾನಪದ ತಂಡ’ ಅಂತಲ್ಲ, ಒಬ್ಬೊಬ್ಬರ ಹೆಸರು. ಇದನ್ನ ನಾನು ತುಂಬಾ ಗಟ್ಟಿಯಾಗಿ ಹೇಳ್ತಿದೀನಿ ಚಿನ್ನು. ನಮ್ಮ ಜೊತೆ ಕೂತು ನುಡಿಸಿದ ಎಷ್ಟೋ ಕಲಾವಿದರ ಹೆಸರು ಯಾವ ಕ್ಯಾಸೆಟ್ ಮೇಲೂ ಇಲ್ಲ, ಅವರ ಮಕ್ಕಳಿಗೆ ತೋರಿಸೋಕೂ ಏನೂ ಇಲ್ಲ.

ಹಾಗಾದ್ರೆ ಆರ್ಕೆಸ್ಟ್ರಾ ಬೇಡ್ವಾ ಅಂತೀಯ. ಬೇಕು, ಆದ್ರೆ ನಿನ್ನ ಬಜೆಟ್‌ಗೆ ಎಂಬತ್ತು ಜನರ ಆರ್ಕೆಸ್ಟ್ರಾ ಅಂದ್ರೆ ಕಂಪ್ಯೂಟರ್ ಆರ್ಕೆಸ್ಟ್ರಾನೇ. ಅದರ ಬದಲು ಎಂಟು ಹತ್ತು ಜನ ಜೀವಂತ ಸ್ಟ್ರಿಂಗ್ಸ್ ಇಟ್ಕೋ, ಕಂಪ್ಯೂಟರಲ್ಲಿರೋ ಸ್ಯಾಂಪಲ್‌ಗಳ (ಮೊದ್ಲೇ ರೆಕಾರ್ಡ್ ಮಾಡಿಟ್ಟ ವಾದ್ಯದ ಸದ್ದು) ಮೇಲೆ ಅವರನ್ನ ರೆಕಾರ್ಡ್ ಮಾಡು, ಬಿಲ್ಲು ತಂತಿ ಮೇಲೆ ಕೂರೋ ಸದ್ದು, ಒಬ್ಬೊಬ್ಬರ ಗಮಕದ ಸಣ್ಣ ವ್ಯತ್ಯಾಸ ಇರುತ್ತಲ್ಲ, ಇಡೀ ಸ್ಕೋರ್ ಉಸಿರಾಡೋಕೆ ಅಷ್ಟು ಸಾಕು. ಬ್ರಾಸ್‌ನ ಕ್ಲೈಮ್ಯಾಕ್ಸ್‌ಗೆ ಮಾತ್ರ ಇಡು, ಮೊದಲ ಸೀನಿಂದ್ಲೇ ಊದಿಸಿದ್ರೆ ಕೊನೇಲಿ ಅವಳು ಎದ್ದು ನಿಂತಾಗ ನಿನ್ನ ಕೈಲಿ ಏನೂ ಉಳಿದಿರಲ್ಲ. ಮತ್ತೆ ಅಗ್ರಿಮೆಂಟ್‌ನಲ್ಲಿ ನಿನ್ನ ಸಂಭಾವನೆ ಬೇರೆ, ರೆಕಾರ್ಡಿಂಗ್ ಖರ್ಚು ಬೇರೆ ಅಂತ ಬರೆಸ್ಕೋ. ಎರಡೂ ಒಟ್ಟಿಗೆ ಪ್ಯಾಕೇಜ್ ಅಂದ್ರೆ ಪ್ರತಿ ಪಿಟೀಲೂ ನಿನ್ನ ಜೇಬಿಂದ ಹೋಗುತ್ತೆ, ಆಗ ಸ್ಟೈಲ್ ನಿರ್ಧಾರ ಮಾಡೋದು ಭಯ. ಸಹಿ ಮಾಡೋ ಮುಂಚೆ ನಂಗೆ ಕಳ್ಸು, ನಮ್ಮ ಯೂನಿಯನ್‌ನಲ್ಲಿ ತಿಳಿದವರು ಇದಾರೆ, ತೋರಿಸ್ತೀನಿ.

ಡೈರೆಕ್ಟರ್ ಹತ್ರ ಹೋಗೋ ಮುಂಚೆ ಆ ಥೀಮ್‌ನ ಬರೀ ಬಾಯಲ್ಲಿ ಹಾಡಿ ಫೋನಲ್ಲಿ ರೆಕಾರ್ಡ್ ಮಾಡಿ ನಂಗೆ ಕಳ್ಸು. ರಿವರ್ಬ್ ಬೇಡ, ಡ್ರಮ್ ಬೇಡ, ಕೀಬೋರ್ಡೂ ಬೇಡ. ನಿಮ್ಮಮ್ಮನ ಮುಂದೇನೂ ಒಂದು ಸಲ ಹಾಡು, ಮಾರನೇ ದಿನ ಅಡುಗೆಮನೇಲಿ ಅವಳು ಅದನ್ನ ಗುನುಗಿದ್ರೆ ಆ ಟ್ಯೂನ್ ಇಟ್ಕೋ, ಗುನುಗ್ಲಿಲ್ಲ ಅಂದ್ರೆ ಇನ್ನೊಂದು ಮಾಡು. ಭಾನುವಾರ ಮಧ್ಯಾಹ್ನ ನಾನು ಮನೇಲೇ ಇರ್ತೀನಿ, ಕಾಲ್ ಮಾಡು, ಹಿಂದೋಳದ್ದು ಪಿಟೀಲಲ್ಲಿ ನುಡಿಸಿ ಕೇಳಿಸ್ತೀನಿ.

ನಿನ್ನ ಮಾಮ
ಮೈಸೂರು