ಸಹಿ ಹಾಕಿಸುವ ಮೊದಲು ಕನ್ನಡದಲ್ಲಿ ಬರೆದುಕೊಡಿಸಿ: ಮಂಡ್ಯ ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,

ನಮಸ್ಕಾರ. ಈ ಜಿಲ್ಲೆಯಲ್ಲಿ ಖಾಸಗಿ ಆಸ್ಪತ್ರೆಗಳ ನೋಂದಣಿ ಮತ್ತು ಕುಂದುಕೊರತೆ ಪ್ರಾಧಿಕಾರಕ್ಕೆ ತಾವೇ ಅಧ್ಯಕ್ಷರು. ಅದಕ್ಕೇ ಈ ಪತ್ರ ತಮಗೆ.

ಮಕ್ಕಳಾಗದವರ ಚಿಕಿತ್ಸೆಗೆಂದೇ 2021ರಲ್ಲಿ ಬಂದ ಎಆರ್‌ಟಿ ಕಾಯ್ದೆಯನ್ನು ತಮಗೆ ಬಿಡಿಸಿ ಹೇಳಬೇಕಾಗಿಲ್ಲ. ಖರ್ಚೆಷ್ಟು, ಅಪಾಯವೇನು, ಫಲಿಸುವ ಸಾಧ್ಯತೆ ಎಷ್ಟು ಎಂಬುದನ್ನು ದಂಪತಿಗೆ ಮೊದಲೇ ತಿಳಿಸಬೇಕು. ಏನೇನು ಮಾಡಿದೆವು ಎಂದು ಬರೆದ ಡಿಸ್ಚಾರ್ಜ್ ಪತ್ರ ಕೊಡಬೇಕು. ದೂರು ಕೇಳುವ ಘಟಕ ಇರಬೇಕು. ಎಲ್ಲವೂ 21ನೇ ಕಲಮಿನಲ್ಲಿದೆ. ಆದರೆ ನಮ್ಮ ಜನರ ಕೈಗೆ ಸಿಗುತ್ತಿರುವುದು ಇಂಗ್ಲಿಷಿನ ಒಂದು ಕಟ್ಟು ಕಾಗದ ಮತ್ತು 'ಇಲ್ಲಿ ಸಹಿ ಮಾಡಿ' ಎಂಬ ಒಂದು ಬೆರಳು. ನನ್ನ ಬೇಡಿಕೆ ಒಂದೇ: ಆ ವಿವರವನ್ನು ಸಹಿಗೆ ಮೊದಲು ಕನ್ನಡದಲ್ಲಿ ಬರೆದುಕೊಡಿಸಿ.

ಪಾಂಡವಪುರ ತಾಲ್ಲೂಕಿನ ಒಬ್ಬ ಹೆಣ್ಣುಮಗಳಿಗೆ ಆದದ್ದನ್ನು ಕೇಳಿ. ಪಿಸಿಓಎಸ್, ಅಂದರೆ ಅಂಡಾಶಯದಲ್ಲಿ ಸಣ್ಣ ಸಣ್ಣ ಕೋಶಕಗಳು ತುಂಬಿ ಮುಟ್ಟು ಏರುಪೇರಾಗುವ ತೊಂದರೆ ಇದ್ದಾಕೆ. ಐವಿಎಫ್‌ಗೆ, ಅಂದರೆ ಅಂಡಾಣು ಹೊರತೆಗೆದು ಲ್ಯಾಬಿನಲ್ಲಿ ಫಲಿತಗೊಳಿಸಿ ಭ್ರೂಣವನ್ನು ಗರ್ಭಕೋಶಕ್ಕೆ ಹಾಕುವ ಚಿಕಿತ್ಸೆಗೆ ಹೋಗಿದ್ದಳು. ಮುಟ್ಟಾದ ಎರಡನೇ ದಿನದಿಂದ ದಿನವೂ ಹಾರ್ಮೋನು ಇಂಜೆಕ್ಷನ್ ಕೊಟ್ಟರು. ಅಂಡಾಶಯದಲ್ಲಿ ಅಂಡಾಣು ಬೆಳೆಯುವ ಕೋಶಕಗಳು ಇಪ್ಪತ್ತಕ್ಕೂ ಹೆಚ್ಚು ಬೆಳೆದವು. ಅಷ್ಟು ಬೆಳೆದಾಗ, ಅಂಡಾಣು ಬಲಿಯಲೆಂದು ಕೊಡುವ ಕೊನೆಯ ಇಂಜೆಕ್ಷನ್ನಿಗೆ, ಊತ ಹೆಚ್ಚಿಸುವ ಎಚ್‌ಸಿಜಿ ಎಂಬ ಹಾರ್ಮೋನು ಬಿಟ್ಟು ಲ್ಯೂಪ್ರೊಲೈಡಿನಂಥ ಬೇರೆ ಔಷಧಿ ಕೊಡಬೇಕು. ಭ್ರೂಣಗಳನ್ನೆಲ್ಲ ಶೈತ್ಯದಲ್ಲಿಟ್ಟು, ಅಂಡಾಶಯದ ಊತ ಇಳಿದ ಮೇಲೆ ಮುಂದಿನ ತಿಂಗಳುಗಳಲ್ಲಿ ಗರ್ಭಕೋಶಕ್ಕೆ ಹಾಕಬೇಕು. ಇದು ಈ ಕಸುಬಿನಲ್ಲಿರುವ ಎಲ್ಲರಿಗೂ ಗೊತ್ತಿರುವ ಪಾಠ. ಆಕೆಗೆ ಕೊಟ್ಟದ್ದು 10,000 ಯೂನಿಟ್ ಎಚ್‌ಸಿಜಿ. ಅಂಡಾಣು ತೆಗೆದ ಮೂರನೇ ದಿನಕ್ಕೇ ಭ್ರೂಣ ಹಾಕಿ ಮನೆಗೆ ಕಳಿಸಿದರು.

ಮನೆಯಲ್ಲಿ ಹೊಟ್ಟೆ ಊದತೊಡಗಿತು. 'ಹೊಟ್ಟೆ ಬತ್ತಾ ಅದೆ, ನಿಂತದೆ ಕಣವ್ವ' ಎಂದರು ಅತ್ತೆ. ಗಂಡ ಅಂಗಡಿಯಿಂದ ಕಿಟ್ ತಂದ. ಎರಡು ಗೆರೆ ಬಂತು. ನೆಂಟರಿಗೆಲ್ಲ ಫೋನು ಹೋಯಿತು. ಆ ಎರಡನೇ ಗೆರೆ ಬಸಿರಿನದಲ್ಲ, ಇಂಜೆಕ್ಷನ್ನಿನದು. ಬಸಿರಾದಾಗ ಮೈಯಲ್ಲಿ ಉಂಟಾಗುವ ಹಾರ್ಮೋನೂ ಎಚ್‌ಸಿಜಿಯೇ, ಕಿಟ್ ಗುರುತಿಸುವುದು ಅದನ್ನೇ. ಹೊರಗಿನಿಂದ ಕೊಟ್ಟ ಎಚ್‌ಸಿಜಿ ಮೈಯಿಂದ ಪೂರ್ತಿ ಹೋಗಲು 10ರಿಂದ 14 ದಿನ ಬೇಕು. ಅದಕ್ಕೇ ಅಂಡಾಣು ತೆಗೆದು ಎರಡು ವಾರವಾದ ಮೇಲೆ ರಕ್ತ ಪರೀಕ್ಷೆ ಮಾಡುವುದು.

ಹೊಟ್ಟೆ ಊದಿದ್ದು ಓಎಚ್‌ಎಸ್‌ಎಸ್, ಅಂದರೆ ಇಂಜೆಕ್ಷನ್ನಿಗೆ ಅಂಡಾಶಯ ಅತಿಯಾಗಿ ಕೆರಳಿದಾಗ ಬರುವ ತೊಂದರೆಯಿಂದ. ರಕ್ತನಾಳಗಳು ಸೋರಿ ನೀರೆಲ್ಲ ಹೊಟ್ಟೆಯೊಳಗೆ ಸೇರುತ್ತದೆ, ಉಳಿದ ರಕ್ತ ಗಟ್ಟಿಯಾಗುತ್ತದೆ, ಮೂತ್ರ ಕಡಿಮೆಯಾಗುತ್ತದೆ, ಹೆಪ್ಪುಗಟ್ಟಿದರೆ ಜೀವಕ್ಕೇ ಅಪಾಯ. ದಿನಕ್ಕೆ ಒಂದು ಕಿಲೋಗಿಂತ ಹೆಚ್ಚು ತೂಕ ಏರಿದರೆ, ಉಸಿರು ಕಟ್ಟಿದಂತಾದರೆ, ವಾಂತಿ ನಿಲ್ಲದಿದ್ದರೆ, ಮೂತ್ರ ಕಡಿಮೆಯಾದರೆ ಕೂಡಲೇ ದಾಖಲಾಗಬೇಕು. ಈ ನಾಲ್ಕು ಲಕ್ಷಣ ಬರೆಯಲು ಕನ್ನಡದಲ್ಲಿ ನಾಲ್ಕು ಸಾಲು ಸಾಕಿತ್ತು. ಯಾರೂ ಬರೆದುಕೊಡಲಿಲ್ಲ. ರಾತ್ರಿ ಫೋನು ಮಾಡಿದಾಗ ಗ್ಯಾಸಿನ ಮಾತ್ರೆ ನುಂಗಿ ಎಂದರು. ಉಸಿರಾಡಲು ಆಗದೆ ಹತ್ತಿರದ ಆಸ್ಪತ್ರೆಗೆ ಹೋದಾಗ, ಯಾವ ಔಷಧಿ, ಎಷ್ಟು, ಯಾವತ್ತು ಕೊಟ್ಟರು ಎಂಬ ಚೀಟಿ ಕೂಡ ಅವರ ಕೈಯಲ್ಲಿರಲಿಲ್ಲ. ಡ್ಯೂಟಿಯಲ್ಲಿದ್ದ ಡಾಕ್ಟರು ಏನೆಂದು ತಿಳಿದು ಚಿಕಿತ್ಸೆ ಮಾಡಬೇಕು?

ಆಕೆ ಬದುಕಿದಳು. ರಕ್ತ ಪರೀಕ್ಷೆಯಲ್ಲಿ ಗರ್ಭ ನಿಂತಿರಲಿಲ್ಲ. ಊರವರು ಹೇಳಿದ್ದು, 'ಎದ್ದು ಓಡಾಡಿದಳು, ಅದಕ್ಕೇ ಜಾರಿಹೋಯ್ತು' ಎಂದು. ಭ್ರೂಣ ಅಲುಗಾಡಿದರೆ ಉದುರುವ ಮರದ ಹಣ್ಣಲ್ಲ. ಗರ್ಭಕೋಶದ ಎರಡು ಗೋಡೆಗಳು ಒಂದಕ್ಕೊಂದು ಅಂಟಿಕೊಂಡೇ ಇರುತ್ತವೆ, ಭ್ರೂಣ ಅವುಗಳ ನಡುವೆ ಕೂತಿರುತ್ತದೆ. ಮಲಗಿದ್ದರೆ ಹೆಚ್ಚು ಫಲಿಸುತ್ತದೆ ಎಂಬುದಕ್ಕೆ ಆಧಾರವೇ ಇಲ್ಲ. ಹದಿನೈದು ದಿನ ಮಂಚ ಬಿಟ್ಟಿಳಿಯದಿದ್ದರೆ ರಕ್ತ ಹೆಪ್ಪುಗಟ್ಟುವ ಅಪಾಯ ಮಾತ್ರ ಹೆಚ್ಚುತ್ತದೆ. ಸಾವಿನ ಬಾಗಿಲಿಂದ ಬಂದ ಹೆಣ್ಣಿನ ತಲೆಗೆ ಈ ಅಪವಾದವನ್ನೂ ಕಟ್ಟಿದರಲ್ಲ, ನನಗೆ ಸಹಿಸಲು ಆಗುತ್ತಿಲ್ಲ. ಆದ್ದರಿಂದ ಮತ್ತೆ ಹೇಳುತ್ತೇನೆ: ಕನ್ನಡದಲ್ಲಿ, ಬರವಣಿಗೆಯಲ್ಲಿ, ಸಹಿಗೆ ಮೊದಲು.

ಇನ್ನು ಈ ಚಿಕಿತ್ಸಾ ಕೇಂದ್ರಗಳು ಉಚಿತ ತಪಾಸಣಾ ಶಿಬಿರಗಳಲ್ಲಿ ಹಂಚುವ ಕರಪತ್ರಗಳ ಯಶಸ್ಸಿನ ಶೇಕಡಾ ಲೆಕ್ಕ. ಶೇಕಡಾ 80 ಎನ್ನುತ್ತಾರೆ. ಯಾವುದರಲ್ಲಿ 80? ಇಂಜೆಕ್ಷನ್ ಶುರು ಮಾಡಿದ ನೂರು ಮಂದಿಯಲ್ಲೋ, ಭ್ರೂಣ ಹಾಕಿಸಿಕೊಂಡ ನೂರು ಮಂದಿಯಲ್ಲೋ? ಗರ್ಭ ನಿಂತದ್ದನ್ನು ಎಣಿಸಿದರೋ, ಮಗು ಹುಟ್ಟಿದ್ದನ್ನೋ? ಬ್ರಿಟನ್ನಿನಲ್ಲಿ ಸರ್ಕಾರಿ ನಿಯಂತ್ರಣ ಸಂಸ್ಥೆಯೇ ಈ ಲೆಕ್ಕ ಪ್ರಕಟಿಸುತ್ತದೆ. ಅಲ್ಲಿ 35ರೊಳಗಿನ ಮಹಿಳೆಯರಲ್ಲಿ ಸ್ವಂತ ಅಂಡಾಣುವಿನ ಒಂದು ಭ್ರೂಣಕ್ಕೆ ಮಗು ಹುಟ್ಟುವುದು ಹೆಚ್ಚುಕಡಿಮೆ ಮೂರರಲ್ಲಿ ಒಂದು ಬಾರಿ. 43 ದಾಟಿದರೆ ನೂರರಲ್ಲಿ ಐದರ ಆಸುಪಾಸು.

ಲ್ಯಾಬಿನೊಳಗಿನ ಲೆಕ್ಕವೂ ಹೀಗೇ ಇಳಿಯುತ್ತ ಹೋಗುತ್ತದೆ. ಹತ್ತು ಅಂಡಾಣು ಸಿಕ್ಕರೆ ಎಂಟು ಬಲಿತಿರುತ್ತವೆ, ಐದಾರು ಫಲಿತವಾಗುತ್ತವೆ, ಐದನೇ ದಿನದ ಬ್ಲಾಸ್ಟೊಸಿಸ್ಟ್ ಹಂತ ಮುಟ್ಟುವುದು ಎರಡೋ ಮೂರೋ. ಇದು ಯಾರ ತಪ್ಪೂ ಅಲ್ಲ, ಪ್ರಕೃತಿಯೇ ಹಾಗೆ. ಇದನ್ನು ಮೊದಲೇ ಹೇಳದಿದ್ದರೆ 'ಹತ್ತು ಮೊಟ್ಟೆ ತೆಗೆದರು, ಎರಡು ತೋರಿಸಿದರು, ಉಳಿದವನ್ನು ಯಾರಿಗೆ ಮಾರಿದರು?' ಎಂದು ಜನ ಕೇಳದೆ ಇನ್ನೇನು ಮಾಡುತ್ತಾರೆ? ಮೊಟ್ಟೆಯೆಲ್ಲ ತೆಗೆದುಬಿಟ್ಟರೆ ಬೇಗ ಮುಟ್ಟು ನಿಲ್ಲುತ್ತದೆ ಎಂಬ ಹೆದರಿಕೆಯೂ ಸುಳ್ಳು. ಆ ತಿಂಗಳು ಹೇಗೂ ಒಣಗಿಹೋಗಲಿದ್ದ ಅಂಡಾಣುಗಳನ್ನೇ ಇಂಜೆಕ್ಷನ್ ಉಳಿಸಿ ಬೆಳೆಸುವುದು.

ಗಂಡಸರ ಪರೀಕ್ಷೆಯ ವಿಚಾರ. ಮಕ್ಕಳಾಗದ ದಂಪತಿಗಳಲ್ಲಿ ಅರ್ಧದಷ್ಟು ಕಡೆ ಗಂಡಸಿನ ಪಾಲೂ ಇರುತ್ತದೆ. ಎರಡರಿಂದ ಏಳು ದಿನ ಸಂಯಮ, ಒಂದು ಗಂಟೆಯೊಳಗೆ ಲ್ಯಾಬಿಗೆ ಮಾದರಿ, ಇಷ್ಟೇ ವೀರ್ಯ ಪರೀಕ್ಷೆ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯ ಪ್ರಕಾರ ಮಿಲಿಲೀಟರಿಗೆ 1.6 ಕೋಟಿ ವೀರ್ಯಾಣು, ಶೇಕಡಾ 42 ಚಲನೆ ಕೆಳಗಿನ ಮಿತಿ. ಕಡಿಮೆ ಬಂದರೆ ಮೂರು ತಿಂಗಳು ಬಿಟ್ಟು ಮತ್ತೊಮ್ಮೆ ನೋಡಬೇಕು, ಏಕೆಂದರೆ ಒಂದು ವೀರ್ಯಾಣು ತಯಾರಾಗಲು ಸುಮಾರು 70 ದಿನ ಹಿಡಿಯುತ್ತದೆ. ಆಲೆಮನೆಯ ಒಲೆಯ ಮುಂದೆ ನಿಲ್ಲುವವರು, ಬೀಡಿ ಸೇದುವವರು ಇರುವ ಜಿಲ್ಲೆಯಿದು. ಶಾಖವೂ ಹೊಗೆಯೂ ವೀರ್ಯಾಣುವಿಗೆ ಕೇಡು. ಈ ಅಗ್ಗದ ಪರೀಕ್ಷೆಯೊಂದನ್ನು ಬಿಟ್ಟು ಹೆಂಡತಿಗೆ ವರ್ಷಗಟ್ಟಲೆ ಮಾತ್ರೆ ನುಂಗಿಸುವುದು ಅನ್ಯಾಯ.

ಐವಿಎಫ್ ಮಾಡಿಸಿದರೆ ಗಂಡು ಮಗುವನ್ನೇ ಹಾಕಿಸಬಹುದಂತೆ ಎಂದು ಕೇಳುವವರು ಇನ್ನೂ ಇದ್ದಾರೆ. ಲಿಂಗ ಆಯ್ಕೆಯ ಆಮಿಷ ಒಡ್ಡಿ ಜಾಹೀರಾತು ಕೊಟ್ಟರೆ ಐದರಿಂದ ಹತ್ತು ವರ್ಷ ಜೈಲು ಅಥವಾ 10ರಿಂದ 25 ಲಕ್ಷ ರೂಪಾಯಿ ದಂಡ, ಇಲ್ಲವೇ ಎರಡೂ ಎನ್ನುತ್ತದೆ ಇದೇ ಕಾಯ್ದೆ. ನಮ್ಮ ಜಿಲ್ಲೆಯ ಆಲೆಮನೆಯಲ್ಲಿ ಸ್ಕ್ಯಾನಿಂಗ್ ಯಂತ್ರವಿಟ್ಟು ಭ್ರೂಣದ ಲಿಂಗ ನೋಡುತ್ತಿದ್ದದ್ದು 2023ರಲ್ಲಿ ಬಯಲಾಯಿತು. ಅದಾದ ಮೇಲೂ ಈ ವಿಷಯವನ್ನು ಕರಪತ್ರದಲ್ಲಿ ದಪ್ಪಕ್ಷರದಲ್ಲಿ ಹಾಕಿಸಲು ಇನ್ನೇನು ಆಗಬೇಕು?

ತಮ್ಮಿಂದ ಆಗಬೇಕಾದದ್ದು ಇಷ್ಟು. ಜಿಲ್ಲೆಯಲ್ಲಿ ಶಿಬಿರ ನಡೆಸಲು ಬರುವ ಪ್ರತಿ ಕೇಂದ್ರಕ್ಕೂ ಕನ್ನಡದ ಮಾಹಿತಿ ಪತ್ರವನ್ನು ಷರತ್ತಾಗಿ ವಿಧಿಸಿ. ಅದರಲ್ಲಿ ನೋಂದಣಿ ಸಂಖ್ಯೆ, ಐಯುಐ (ವೀರ್ಯವನ್ನು ನೇರ ಗರ್ಭಕೋಶಕ್ಕೆ ಸೇರಿಸುವುದು) ಮಾತ್ರ ಮಾಡಬಲ್ಲ ಒಂದನೇ ಹಂತದ ಕೇಂದ್ರವೋ ಐವಿಎಫ್ ಮಾಡಬಲ್ಲ ಎರಡನೇ ಹಂತದ್ದೋ, ಔಷಧಿಯೂ ಸೇರಿ ಪೂರ್ತಿ ಖರ್ಚು, ಶುರು ಮಾಡಿದ ನೂರು ಮಂದಿಯಲ್ಲಿ ಎಷ್ಟು ಜನಕ್ಕೆ ಮಗು ಹುಟ್ಟಿತು ಎಂಬ ವಯಸ್ಸುವಾರು ಲೆಕ್ಕ, ಓಎಚ್‌ಎಸ್‌ಎಸ್ ಲಕ್ಷಣಗಳು, ರಾತ್ರಿ ಎತ್ತುವ ಫೋನು ಇರಲಿ. ದಂಪತಿ ಅದನ್ನು ಮನೆಗೆ ಒಯ್ದು ಓದಿ ಬಂದ ಮೇಲೆಯೇ ಸಹಿಯಾಗಲಿ. ಚಿಕಿತ್ಸೆ ನಡೆಯುವಾಗ ಕೊಟ್ಟ ಔಷಧಿ, ಪ್ರಮಾಣ, ತಾರೀಕು ಬರೆದ ಚೀಟಿ ಹೆಂಗಸಿನ ಕೈಯಲ್ಲೇ ಇರಲಿ. ತಾಲ್ಲೂಕು ಆಸ್ಪತ್ರೆಗಳ ರಾತ್ರಿ ಪಾಳಿಯ ವೈದ್ಯರಿಗೆ ಓಎಚ್‌ಎಸ್‌ಎಸ್ ಕುರಿತು ಒಂದು ಸುತ್ತೋಲೆ ಹೋಗಲಿ.

ಇದಕ್ಕೆ ಹೊಸ ಕಾನೂನು ಬೇಡ, ಹೊಸ ಅನುದಾನ ಬೇಡ, ತಮ್ಮ ಸಹಿಯೊಂದು ಸಾಕು. ಮುಂದಿನ ಶಿಬಿರಕ್ಕೆ ಅನುಮತಿ ಕೇಳಿ ಅರ್ಜಿ ಬರುವ ಮೊದಲೇ ಆ ಆದೇಶ ಹೊರಡಿಸಿ.

ಇಂತಿ,
ಮಂಡ್ಯ ಜಿಲ್ಲೆಯ ಒಬ್ಬ ಭ್ರೂಣತಜ್ಞೆ